ಹೊಗೆ ಬಿಡದ ಪಿಸ್ತೂಲು

ಗೆ,
ಮುಖ್ಯಸ್ಥರು, ಗ್ರಾಹಕ ಸಂತೋಷ ವಿಭಾಗ,
ರಣಕಹಳೆ ಕ್ರೀಡಾ ಸಾಮಗ್ರಿ ಕಂಪನಿ.

ಮಾನ್ಯರೇ,

ತಮ್ಮ ವಿಭಾಗದ ಹೆಸರಿನಲ್ಲೇ ಸಂತೋಷ ತುಂಬಿರುವುದರಿಂದ ಕ್ಷೇಮವನ್ನು ಬೇರೆಯಾಗಿ ವಿಚಾರಿಸುವ ಅಗತ್ಯ ಕಾಣದೆ, ನಮ್ಮ ಸೀಮೆಯ ಬಿಸಿಲಿನಷ್ಟೇ ಧಾರಾಳವಾದ ನಮಸ್ಕಾರಗಳನ್ನು ಸಲ್ಲಿಸಿ, ಮಾನ್ವಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ದೈಹಿಕ ಶಿಕ್ಷಕನಾಗಿರುವ ಪಂಪಾಪತಿ ಎಂಬ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ‘ಪರಂಪರಾ’ ಪಿಸ್ತೂಲು ನನ್ನ ಕೈ ಸೇರಿದೆ. ಇದು ಬಹಿರಂಗ ಪತ್ರವಾದ್ದರಿಂದ ಓದುವ ಪೊಲೀಸರು ಗಾಬರಿಯಾಗದಿರಲೆಂದು ಹೇಳುತ್ತೇನೆ: ಇದು ಕೊಲ್ಲುವ ಪಿಸ್ತೂಲಲ್ಲ, ಓಟದ ಸ್ಪರ್ಧೆ ಶುರುಮಾಡಲು ಆಕಾಶಕ್ಕೆ ಹಾರಿಸುವ ಬಡಪಾಯಿ ಪಿಸ್ತೂಲು.

ನಮ್ಮ ಶಾಲೆಯಲ್ಲಿ ಮೊದಲು ಇದ್ದದ್ದು ತಮ್ಮದೇ ಕಂಪನಿಯ ಹಳೆಯ ಕಬ್ಬಿಣದ ಪಿಸ್ತೂಲು. ಒಂದು ಮದ್ದಿನ ಕೇಪು ಹಾಕಿ ಕುದುರೆ ಒತ್ತಿದರೆ ಢಂ ಎಂದು ಬಿಳಿ ಹೊಗೆ ಉಗುಳುತ್ತಿತ್ತು. ಅದು ಎಷ್ಟು ಹಿಂದುಳಿದಿತ್ತೆಂದರೆ ಅದಕ್ಕೆ ಬ್ಯಾಟರಿಯೂ ಇರಲಿಲ್ಲ, ಕೆಡುವುದೂ ಗೊತ್ತಿರಲಿಲ್ಲ. ಇಂಥ ನಾಚಿಕೆಗೇಡನ್ನು ಸಹಿಸದ ತಾವು, ಹಳೆಯದನ್ನು ಕೊಟ್ಟರೆ ‘ಅದೇ ಗತ್ತು, ಅದೇ ಹಿಡಿ, ಹೊಸ ಮೆದುಳು’ ಇರುವ ಮರುಹುಟ್ಟಿನ ಪಿಸ್ತೂಲನ್ನು ಕೊಡುವುದಾಗಿ ಜಾಹೀರಾತು ಹಾಕಿದಿರಿ. ನನಗೆ ಮೆದುಳು ಕಡಿಮೆಯಿದ್ದುದರಿಂದ ನಾನು ಒಪ್ಪಿದೆ.

ಹೊಸ ಪಿಸ್ತೂಲಿನ ಗುಣಗಳನ್ನು ಎಷ್ಟು ಹೊಗಳಿದರೂ ಸಾಲದು. ಅದು ಚಾರ್ಜಿಗೆ ಕೂತಾಗ ಹಾಡುತ್ತದೆ. ನಿಮ್ಮ ಆರು ಭಾಷೆಗಳ ಸೂಚನಾ ಪುಸ್ತಕದಲ್ಲಿ ಕನ್ನಡವೊಂದನ್ನು ಬಿಟ್ಟು ಉಳಿದೆಲ್ಲವೂ ಇರುವುದರಿಂದ ನಾನು ಚಿತ್ರಗಳನ್ನಷ್ಟೇ ನೋಡಿ ಪಾವನನಾದೆ. ದೇವದುರ್ಗದ ದೈಹಿಕ ಶಿಕ್ಷಕರೂ ನನ್ನ ಗೆಳೆಯರೂ ಆದ ಗಡಿಗೆಪ್ಪನವರು ಅದನ್ನು ಕೈಯಲ್ಲಿ ತಿರುವಿ ನೋಡಿ, “ಇದು ಪಿಸ್ತೂಲೋ ಮೊಬೈಲೋ ಮಾರಾಯ, ಇದರಾಗ ಫೋನ್ ಬಂದ್ರ ಯಾರು ಎತ್ತಬೇಕು?” ಎಂದು ಕೇಳಿದ್ದನ್ನು ತಮ್ಮ ಮುಂದಿನ ಜಾಹೀರಾತಿಗೆ ಬಳಸಿಕೊಳ್ಳಬಹುದು.

ಪಿಸ್ತೂಲು ಬಂದದ್ದು ಆಯುಧ ಪೂಜೆಯ ಮುನ್ನಾದಿನ. ನಮ್ಮ ಶಾಲೆಯಲ್ಲಿ ಪೂಜೆಯ ದಿನ ಗುಂಡು, ಚಕ್ರ, ಈಟಿ, ಸೀಟಿ ಎಲ್ಲವನ್ನೂ ತೊಳೆದು ಸಾಲಾಗಿ ಇಡುತ್ತೇವೆ. ಬಿಸಿಯೂಟದ ಕನಕಮ್ಮ ತನ್ನ ಸೌಟನ್ನೂ ತಂದು ಪಕ್ಕಕ್ಕೆ ಇಡುತ್ತಾಳೆ. ಹೊಸ ಅತಿಥಿಗೆ ಹಣೆ ಯಾವುದೆಂದು ಹುಡುಕಿದಾಗ ನಳಿಗೆಯ ತುದಿಯಲ್ಲಿ ಹೆಸರುಕಾಳಿನಷ್ಟು ಗಾಜು ಹೊಳೆಯಿತು. ಭಕ್ತಿಯಿಂದ ಅಲ್ಲಿಯೇ ವಿಭೂತಿ ಬಳಿದು ದಪ್ಪಗೆ ಕುಂಕುಮ ಇಟ್ಟೆ. ಹೊಗೆಗೆ ಬದಲಾಗಿ ತಾವು ದಯಪಾಲಿಸಿದ ದೀಪ ಅದೇ ಎಂಬುದು ಪುಸ್ತಕದ ಮೂವತ್ತೊಂದನೆಯ ಪುಟದಲ್ಲಿ, ನಾನು ಓದಲಾರದ ಭಾಷೆಗಳಲ್ಲಿ, ಬಹಳ ವಿವರವಾಗಿತ್ತಂತೆ.

ಈಗ ಹೊಗೆಯ ವಿಷಯಕ್ಕೆ ಬರುತ್ತೇನೆ. ಬಾಗಲವಾಡದ ಮಲ್ಲೇಶ್ವರಿ ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿ ಓದುತ್ತಾಳೆ. ಮೂರು ವರ್ಷದವಳಿದ್ದಾಗ ಬಂದ ಜ್ವರದಲ್ಲಿ ಅವಳ ಕಿವಿ ಹೋಗಿವೆ. ತುಟಿ ನೋಡಿ ಮಾತು ತಿಳಿಯುತ್ತಾಳೆ, ತಾನೂ ಮಾತಾಡುತ್ತಾಳೆ, ಮತ್ತು ನೂರು ಮೀಟರು ಓಟದಲ್ಲಿ ನಮ್ಮ ತಾಲ್ಲೂಕಿನಲ್ಲಿ ಅವಳ ಮುಂದೆ ಓಡಿದವರಿಲ್ಲ. ಅವಳು ಗೆರೆಯ ಮೇಲೆ ಕೂತು ನನ್ನ ಎತ್ತಿದ ಕೈಯನ್ನೇ ನೋಡುತ್ತಿದ್ದಳು. ಬಿಳಿ ಹೊಗೆ ಕಂಡೊಡನೆ ಕಿವಿಯಿದ್ದವರಿಗಿಂತ ಮೊದಲೇ ಎದ್ದಿರುತ್ತಿದ್ದಳು. ಎಂಟನೆಯ ತರಗತಿಯಿಂದ ಅವಳನ್ನು ಓಡಿಸಿದ್ದು ಆ ಹೊಗೆ. ಮುಂದಿನ ವರ್ಷ ಅವಳ ವಯಸ್ಸು ಮೀರುವುದರಿಂದ, ವಿಭಾಗ ಮಟ್ಟಕ್ಕೆ ಹೋಗಲು ಇದೇ ಕಡೆಯ ಅವಕಾಶವಾಗಿತ್ತು.

ಜಿಲ್ಲಾ ಕ್ರೀಡಾಕೂಟ ರಾಯಚೂರಿನಲ್ಲಿ ನಡೆಯಿತು. ಓಟ ಬಿಡಿಸುವ ಕೆಲಸ ನನ್ನದು. ಜಿಲ್ಲೆಯ ದೈಹಿಕ ಶಿಕ್ಷಕರೆಲ್ಲರ ಎದುರಿಗೇ ಮೊದಲ ಸಲ ಹಾರಿಸಿ ಮೆರೆಯಬೇಕೆಂಬ ಹಮ್ಮಿನಿಂದ ಪಿಸ್ತೂಲನ್ನು ಶಾಲೆಯಲ್ಲಿ ಒಮ್ಮೆಯೂ ಹಾರಿಸಿರಲಿಲ್ಲ. ಹೊಗೆ ಬರುವುದಿಲ್ಲವೆಂದು ಆ ಮಗುವಿಗೆ ಹೇಳಬೇಕೆಂಬುದು ನನಗೆ ಹೊಳೆಯಲೇ ಇಲ್ಲ. ಈ ತಪ್ಪಿನಲ್ಲಿ ತಮಗೆ ಪಾಲು ಕೊಡುವಷ್ಟು ಉದಾರಿ ನಾನಲ್ಲ, ಇದು ಪೂರ್ತಿ ನನ್ನದೇ.

ಕುದುರೆ ಒತ್ತಿದೆ. ತಮ್ಮ ಪಿಸ್ತೂಲು ಮೈದಾನದಾಚೆಯ ನಾಯಿಗಳೂ ಬೊಗಳುವಂತೆ ಅದ್ಭುತವಾಗಿ ಗರ್ಜಿಸಿತು. ಏಳು ಹುಡುಗಿಯರು ಓಡಿದರು. ಮಲ್ಲೇಶ್ವರಿ ಸೊಂಟ ಎತ್ತಿ, ಬೆರಳು ಊರಿ, ನನ್ನ ಕೈಯನ್ನೇ ನೋಡುತ್ತ ಹೊಗೆಗಾಗಿ ಕಾಯುತ್ತಿದ್ದಳು. ಓಟವನ್ನು ನಿಲ್ಲಿಸಿ ಮರಳಿ ಕರೆಯಲು ಎರಡನೆಯ ಸಲ ಒತ್ತಿದರೆ, ತಮ್ಮ ಯಂತ್ರ ಒಂದು ಗರ್ಜನೆಯ ಆಯಾಸಕ್ಕೆ ಎಂಟು ಸೆಕೆಂಡು ವಿಶ್ರಾಂತಿ ಪಡೆಯುತ್ತಿತ್ತು. ಸೀಟಿ ಊದಿದೆ, ಜನರ ಕೂಗಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಅಷ್ಟರಲ್ಲಿ ಪಕ್ಕದವಳ ಕಾಲು ಕಣ್ಣಿಗೆ ಬಿದ್ದು ಮಲ್ಲೇಶ್ವರಿ ಎದ್ದಳು. ನಾಲ್ಕೈದು ಹೆಜ್ಜೆ ಹಿಂದೆ ಉಳಿದವಳು ಐವರನ್ನು ದಾಟಿ ಮೂರನೆಯವಳಾದಳು. ಮುಂದಕ್ಕೆ ಹೋಗುವವರು ಇಬ್ಬರೇ. ಯಾರೂ ಮುಂಚೆ ಓಡಿಲ್ಲ, ಸದ್ದು ಸರಿಯಾಗಿಯೇ ಆಗಿದೆ, ಆದ್ದರಿಂದ ಫಲಿತಾಂಶ ಸರಿ ಎಂದು ತೀರ್ಪುಗಾರರು ಹೇಳಿದರು. ಅತ್ತ ತುದಿಯಲ್ಲಿ ಹೊಗೆ ನೋಡಿ ಗಡಿಯಾರ ಒತ್ತುವ ಗಡಿಗೆಪ್ಪನವರೂ ಹೊಗೆಗೇ ಕಾಯುತ್ತಿದ್ದರೆಂಬುದು ಆಮೇಲೆ ತಿಳಿಯಿತು.

ಹುಡುಗಿ ನೇರವಾಗಿ ನನ್ನ ಹತ್ತಿರ ಬಂದು, “ಸರ, ನೀವು ಯಾವಾಗ ಹೊಡದ್ರಿ?” ಎಂದು ಕೇಳಿದಳು. ಹತ್ತಿ ಬಿಡಿಸುವ ಕೂಲಿ ಬಿಟ್ಟು ಮಗಳ ಓಟ ನೋಡಲು ಬಂದಿದ್ದ ತಾಯಿ ಬಾಲಮ್ಮ, “ಹಳೇದು ಎಲ್ಲಿ ಹೋತ್ರೀ ಸರ? ಅದು ನನ್ನ ಮಗಳ ಕೂಡ ಮಾತಾಡ್ತಿತ್ತು” ಎಂದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಪಿಸ್ತೂಲಿನ ಫೋಟೊ ಸಮೇತ ಕಳಿಸಿದ ನನ್ನ ದೂರಿಗೆ ತಾವು ಕೊಟ್ಟ ಉತ್ತರವನ್ನು ಓದಿ ಧನ್ಯನಾದೆ. ಪಿಸ್ತೂಲಿನ ಮೂತಿಯಲ್ಲಿ ‘ಗುರುತಿಸಲಾಗದ ಕೆಂಪು ಪುಡಿ’ ಕಂಡಿರುವುದರಿಂದ ವಾರಂಟಿ ರದ್ದಾಗಿದೆ, ಹೊಗೆ ಬಾರದಿರುವುದು ದೋಷವಲ್ಲ, ಪರಿಸರ ಕಾಳಜಿ ಎಂದು ತಿಳಿಸಿದ್ದೀರಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತಾವು ನೆಲವನ್ನು ಬಿಟ್ಟು ನಾನು ಇಟ್ಟ ಕುಂಕುಮವನ್ನೇ ಡೊಂಕು ಎಂದಿದ್ದೀರಿ. ಕುಂಕುಮ ಇಟ್ಟದ್ದು ನಿಜ. ಅದನ್ನು ಒರೆಸಿ, ನಮ್ಮೂರ ಹನ್ನೊಂದು ಗಂಟೆಯ ಬಿಸಿಲಲ್ಲಿ ಹಿಡಿದು ಮತ್ತೆ ಒತ್ತಿ ನೋಡಿದೆ. ತಮ್ಮ ದೀಪ ಹತ್ತಿತೋ ಇಲ್ಲವೋ ಎಂದು ಪಿಸ್ತೂಲು ಹಿಡಿದ ನನಗೇ ಕಾಣಲಿಲ್ಲ.

ಆದ್ದರಿಂದ ನನ್ನ ಕೋರಿಕೆಗಳು ಸಣ್ಣವು. ತಮ್ಮ ಅಂಗಡಿಯ ಗಾಜಿನ ಕಪಾಟಿನಲ್ಲಿ ‘ನಿವೃತ್ತ’ ಎಂಬ ಚೀಟಿ ಹೊತ್ತು ಮಲಗಿರುವ ನಮ್ಮ ಹಳೆಯ ಪಿಸ್ತೂಲನ್ನು ಮರಳಿ ಕೆಲಸಕ್ಕೆ ಕಳಿಸಿರಿ. ಅದಾಗದಿದ್ದರೆ ಒಳ್ಳೆಯ ಬಿಳಿ ಹೊಗೆಯನ್ನು ಡಬ್ಬಿಯಲ್ಲಿ ತುಂಬಿ, ಸೋರದಂತೆ ಮುಚ್ಚಿ, ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿರಿ. ಎರಡೂ ಕಷ್ಟವೆನಿಸಿದರೆ, ಇದನ್ನು ವಿನ್ಯಾಸ ಮಾಡಿದ ಮಹನೀಯರು ಎರಡೂ ಕಿವಿಗೆ ಅರಳೆ ತುರುಕಿಕೊಂಡು, ಕುಂಡಿ ಎತ್ತಿ, ನಮ್ಮ ಮೈದಾನದ ಗೆರೆಯ ಮೇಲೆ ಒಮ್ಮೆ ಕೂರಲಿ. ಪಿಸ್ತೂಲನ್ನು ನಾನೇ ಹಾರಿಸುತ್ತೇನೆ. ಪಕ್ಕದಲ್ಲಿ ಯಾರನ್ನೂ ಓಡಿಸುವುದಿಲ್ಲ. ಅವರು ಎಷ್ಟು ಹೊತ್ತಿಗೆ ಏಳುತ್ತಾರೋ ನೋಡೋಣ. ಮಧ್ಯಾಹ್ನವಾದರೆ ಕನಕಮ್ಮ ಊಟ ಹಾಕುತ್ತಾಳೆ.

ಇಷ್ಟಾದರೂ ತಮ್ಮ ಜಾಹೀರಾತನ್ನು ನಂಬಿದ ತಪ್ಪಿಗೆ ಇನ್ನೂ ಹಾಗೆಯೇ ಕರೆದುಕೊಳ್ಳಬೇಕಾದ,

ತಮ್ಮ ವಿಶ್ವಾಸಿ,
ಪಂಪಾಪತಿ

ಮರೆತ ಮಾತು: ‘ಪಿಸ್ತೂಲಿನ ಸದ್ದು ಹೇಗಿತ್ತು? ಐದು ನಕ್ಷತ್ರಗಳಲ್ಲಿ ತುಂಬಿರಿ’ ಎಂಬ ತಮ್ಮ ಅಭಿಪ್ರಾಯ ಪತ್ರವನ್ನು ಮಲ್ಲೇಶ್ವರಿಯ ಕೈಗೇ ಕೊಟ್ಟೆ. ಆಕೆ ಐದನ್ನೂ ತುಂಬಿದ್ದಾಳೆ. ಕೆಳಗೆ ಕಾರಣವನ್ನೂ ಬರೆದಿದ್ದಾಳೆ: “ಎಲ್ಲಾರೂ ಓಡಿದ್ರು. ಅಂದಮ್ಯಾಲೆ ಚೊಲೋನ ಬಂದಿರಬೇಕು.”