ಮೂರೂವರೆಯ ಹಾಡಿಗೊಂದು ಆಂಟೆನಾ

ಬೆನ್ನು ಕೆರೆದುಕೊಳ್ಳಲು ಹೋಗಿ ರೇಡಿಯೋದ ಆಂಟೆನಾ ಮುರಿದವನು ದೇವನಹಳ್ಳಿ ತಾಲ್ಲೂಕಿನ ಇಡೀ ಚನ್ನರಾಯಪಟ್ಟಣ ಹೋಬಳಿಯಲ್ಲಿ ಆದಿನಾರಾಯಣಪ್ಪ ಒಬ್ಬನೇ ಇರಬೇಕು. ಉದ್ದಕ್ಕೆ ಎಳೆದರೆ ಬೆನ್ನಿನ ಯಾವ ಮೂಲೆಗೆ ಬೇಕಾದರೂ ಎಟುಕುತ್ತಿದ್ದ ಆ ಕಡ್ಡಿಯನ್ನು ಅವನು ರೇಡಿಯೋ ಸಮೇತ ಹಿಡಿದು ಕತ್ತಿನ ಹಿಂದಿನಿಂದ ಅಂಗಿಯೊಳಕ್ಕೆ ಇಳಿಸುತ್ತಿದ್ದ. ಒಂದು ಬೇಸಿಗೆಯ ಸಂಜೆ ರೇಡಿಯೋ ಕೈಗೆ ಬಂತು, ಕಡ್ಡಿ ಅಂಗಿಯೊಳಗೇ ಉಳಿಯಿತು. ಆಮೇಲೆ ಆರು ವರ್ಷ ರೇಡಿಯೋ ಬೀರುವಿನ ಮೇಲೆ ಧೂಳು ತಿನ್ನುತ್ತಾ ಕೂತಿತ್ತು. ಅದು ಮಾತಾಡಲಿಲ್ಲವೆಂದು ಮನೆಯಲ್ಲಿ ಯಾರೂ ಕೊರಗಿದವರಿಲ್ಲ.

ಕೊರಗುವ ಕಾಲ ಬಂದದ್ದು ಆ ಬುಧವಾರ. ಏರ್‌ಪೋರ್ಟ್ ಊರಿನ ಪಕ್ಕದಲ್ಲೇ ಶುರುವಾಗಿ ಎರಡು ವರ್ಷವಾಗಿತ್ತು. ಅವನ ಹೆಂಡತಿ ವರಲಕ್ಷ್ಮಮ್ಮ ಊರಿನ ಮಹಿಳಾ ಸಂಘದ ಐದು ಜನ ಹೆಂಗಸರ ಜೊತೆ ಏಳು ಗಂಟೆಯ ಬಸ್ಸಿಗೆ ಬೆಂಗಳೂರಿಗೆ ಹೊರಟಿದ್ದಳು. ಯಾವುದೋ ಎಫ್ಎಂ ಸ್ಟೇಷನ್ನಿನವರು ಬೀಸುವ ಪದ, ಸೋಬಾನೆ ಪದ ಹಾಡಲು ಕರೆದಿದ್ದರು. ಮಧ್ಯಾಹ್ನ ಮೂರೂವರೆಯಿಂದ ನಾಲ್ಕರವರೆಗೆ, ಅಲ್ಲಿ ಹಾಡುತ್ತಿದ್ದ ಹಾಗೇ ಇಲ್ಲಿ ಕೇಳಿಸುತ್ತದೆ ಎಂದಿದ್ದರಂತೆ. ವರಲಕ್ಷ್ಮಮ್ಮ ಹೊಸ್ತಿಲಲ್ಲಿ ನಿಂತು, ಗಂಡನ ಮುಖ ನೋಡದೆ ಸೆರಗು ಸರಿಮಾಡಿಕೊಂಡಳು.

“ಒಂದು ಪದ ನಾನೇ ಕಟ್ಟಿದೀನಿ, ನಿಮ್ಮ ಮೇಲೆ. ಮನೇಲಿ ಹಾಡೋಕೆ ಬಾಯಿ ಬರಲ್ಲ. ಅಲ್ಲೇ ಹಾಡ್ತೀನಿ, ಒಂದೇ ಸಲ. ಕೇಳ್ತೀರಾ?”

“ಕೇಳ್ದೆ ಇರ್ತೀನಾ,” ಅಂದ ಆದಿನಾರಾಯಣಪ್ಪ.

ಮನೆಯಲ್ಲಿ ಹಾಡಲು ಯಾಕೆ ಬಾಯಿ ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಸೂಲಿಬೆಲೆ ಕಡೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಅವಳು ರಾಗಿ ಬೀಸುತ್ತಾ ಹಾಡುತ್ತಿದ್ದಳು. ಒಂದು ದಿನ ನೆಂಟರೆಲ್ಲ ಕೂತಿದ್ದಾಗ ಇವನು, “ನೀನು ಹಿಂಗೆ ಹಾಡ್ತಿದ್ರೆ ಎಮ್ಮೆ ಹಾಲು ಕೊಡೋದು ನಿಲ್ಲಿಸ್ತದೆ ಕಣೆ,” ಅಂದುಬಿಟ್ಟ. ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು. ಆಮೇಲೆ ಇಪ್ಪತ್ತಾರು ವರ್ಷ ಆ ಮನೆಯಲ್ಲಿ ಒಂದು ಸೊಲ್ಲೂ ಹಾಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆ ಮಾತನ್ನು ನೆನೆಸಿಕೊಂಡು ಅವನು ಎಷ್ಟು ಸಲ ತನ್ನನ್ನೇ ಬೈದುಕೊಂಡಿದ್ದನೋ, ಅವಳ ಮುಂದೆ ಮಾತ್ರ ಒಮ್ಮೆಯೂ ಹೇಳಿರಲಿಲ್ಲ. ಈಗ ಅವಳಾಗಿಯೇ ಬಾಗಿಲು ತೆರೆದಿದ್ದಾಳೆ, ಕೇಳಿಬಿಟ್ಟರೆ ಸಾಕು ಎಂದು ಅವನು ರೇಡಿಯೋ ಇಳಿಸಿ, ಧೂಳು ಒರೆಸಿ, ಪ್ಲಗ್ಗಿಗೆ ಸಿಕ್ಕಿಸಿದ. ರೇಡಿಯೋ ಬಾಣಲೆಯಲ್ಲಿ ಹಪ್ಪಳ ಕರಿದ ಹಾಗೆ ಸದ್ದು ಮಾಡಿತು. ಅವನು ದೇವನಹಳ್ಳಿಗೆ ಬಸ್ಸು ಹತ್ತಿದ.

ಹಳೇ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಸರ್ದಾರ್ ಪಾಷಾನ ರಿಪೇರಿ ಅಂಗಡಿ. ಪಾಷಾ ಎರಡು ಬಗೆಯ ಆಂಟೆನಾ ತೆಗೆದು ಮೇಜಿನ ಮೇಲಿಟ್ಟ. ಒಂದು, ಕೈಬೆರಳಿಗೆ ಸುತ್ತಿಕೊಳ್ಳುವಷ್ಟು ತೆಳ್ಳಗಿನ ಚಪ್ಪಟೆ ತಂತಿ. ಇನ್ನೊಂದು, ತಾರಸಿಯ ಮೇಲೆ ಕಂಬ ನೆಟ್ಟು ಕಟ್ಟುವ ಅಲ್ಯುಮಿನಿಯಂ ಕೊಳವೆಗಳದ್ದು, ದೊಡ್ಡ ಮೀನಿನ ಮುಳ್ಳಿನಂಥದ್ದು. ಪಾಷಾ ತಂತಿಯನ್ನು ಮುಂದಕ್ಕೆ ತಳ್ಳಿದ.

“ಯಜಮಾನ್ರೇ, ನಿಮಗೆ ಇದು ಸಾಕು. ಗೋಡೆಗೆ ಎರಡು ಮೊಳೆ ಹೊಡೀರಿ, ಹಾಕಿ ಮರ್ತುಬಿಡಿ.”

ಆದಿನಾರಾಯಣಪ್ಪ ಊರಿನ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವನು. ಮೂವತ್ತು ವರ್ಷದಿಂದ ಡಿಗ್ರಿ ನೋಡಿ, ಫ್ಯಾಟು ನೋಡಿ, ತೆಳ್ಳಗಿದ್ದದ್ದನ್ನೆಲ್ಲ ವಾಪಸ್ಸು ಕಳಿಸಿದ ಕೈ ಅದು. ತಂತಿಯನ್ನು ಎತ್ತಿ ತೂಗಿ ನೋಡಿ, ಇದರಲ್ಲಿ ಏನೂ ಸತ್ವವಿಲ್ಲ ಎಂದು ತೀರ್ಮಾನಿಸಿದ. ಹಾಲೇ ಬೇರೆ, ಹವಾನೇ ಬೇರೆ ಎಂದು ಪಾಷಾ ಎಷ್ಟೋ ಹೇಳಿದ. ಅದು ತಲೆಗೆ ಹೋಗಲಿಲ್ಲ. ಮೀನಿನ ಮುಳ್ಳನ್ನು ಹೆಗಲ ಮೇಲೆ ಹೊತ್ತು ಬಸ್ಸು ಹತ್ತಿದಾಗ ಕಂಡಕ್ಟರ್ ಅದಕ್ಕೂ ಒಂದು ಟಿಕೆಟ್ ಹರಿದ. ಊರು ಬರುವಷ್ಟರಲ್ಲಿ ಅದು ಇಬ್ಬರ ಟವೆಲ್ಲನ್ನೂ ಒಬ್ಬಳ ಮಲ್ಲಿಗೆ ದಂಡೆಯನ್ನೂ ಎಳೆದುಕೊಂಡಿತ್ತು. ಆ ದಂಡೆಗಾಗಿ ಬೈಸಿಕೊಂಡಾಗಲೇ ಪಾಷಾನ ಮಾತು ಕೇಳಬೇಕಿತ್ತು ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಬಸ್ಸು ಹಿಂದಕ್ಕೆ ಹೋಗುವುದಿಲ್ಲವಲ್ಲ.

ಊರಿನಲ್ಲಿ ಅವನು ಬೀದಿಗೆ ಕಾಲಿಡುವ ಮೊದಲೇ ಸಲಹೆಗಳು ಬಂದು ಕಾಯುತ್ತಿದ್ದವು. ಎದುರು ಮನೆಯ ಮುನಿಶಾಮಪ್ಪ ಹಿಂದೆ ಒಂದು ಸಲ ಪಂಚಾಯ್ತಿ ಮೆಂಬರ್ ಆಗಿದ್ದವನು. ಆ ಪದವಿ ಹೋದರೂ ಅಪ್ಪಣೆ ಕೊಡುವ ಅಭ್ಯಾಸ ಹೋಗಿರಲಿಲ್ಲ. ಆದಿನಾರಾಯಣಪ್ಪ ಹಿತ್ತಲಿನಿಂದ ತಂದ ಕಬ್ಬಿಣದ ಕಂಬವನ್ನು ಒಂದೇ ಸಲ ನೋಡಿ, ಏರ್‌ಪೋರ್ಟ್ ಹತ್ತಿರ ಇಷ್ಟೆತ್ತರ ಕಬ್ಬಿಣ ನಿಲ್ಲಿಸಿದರೆ ಬಂದೂಕಿನವರು ಜೀಪಿನಲ್ಲಿ ಬರುತ್ತಾರೆ ಎಂದ. ಪಕ್ಕದ ಮನೆಯ ಉಮಾಶಂಕರ್ ಏರ್‌ಪೋರ್ಟಿನಲ್ಲಿ ಟ್ರಾಲಿ ತಳ್ಳುವವನು. ವಿಮಾನಕ್ಕೆ ಸಂಬಂಧಪಟ್ಟ ಸಕಲ ವಿಷಯಗಳಿಗೂ ಊರಿಗೆ ಅವನೇ ದೊಡ್ಡಾಫೀಸರು. ರಜೆಯಿದ್ದರೂ ಒಳಗೆ ಹೋಗಿ ಮೈಗೆ ಮಿಂಚುವ ಹಳದಿ ಕೋಟು ಏರಿಸಿಕೊಂಡು ಬಂದು, ಆಕಾಶ ನೋಡಿ, ನೀರಿನ ಟ್ಯಾಂಕಿಗಿಂತ ಒಂದು ಗೇಣು ಕೆಳಗಿದ್ದರೆ ತಾನು ಜವಾಬ್ದಾರಿ ಎಂದ. ಹಾಗೆ ಒಂಬತ್ತು ಅಡಿಯ ಕಂಬ ಕೊಯ್ಯಿಸಿಕೊಂಡು ಮೂರೂವರೆ ಅಡಿಯಾಯಿತು.

ಇನ್ನು ದಿಕ್ಕಿನ ಜಗಳ. ಬೆಂಗಳೂರಿನ ಕಡೆಗೆ ಮುಖ ಮಾಡಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಮೀನಿನ ಮುಳ್ಳಿನ ಮುಖ ಯಾವುದು, ಬಾಲ ಯಾವುದು ಎಂಬುದರಲ್ಲೇ ಎರಡು ಗಂಟೆ ಹೋಯಿತು. ಕೆಳಗೆ ರೇಡಿಯೋದ ಮುಂದೆ ಕೂತಿದ್ದ ಭಾಗ್ಯಮ್ಮ, ಮುನಿಶಾಮಪ್ಪನ ಹೆಂಡತಿ, ಬಂತು, ಹೋಯ್ತು, ಬಂತು, ಹೋಯ್ತು ಎಂದು ಕೂಗಿ ಕೂಗಿ ಗಂಟಲು ಒಣಗಿಸಿಕೊಂಡಳು. ನೆಟ್ಟಗೆ ಬರುತ್ತಿದೆ ಅನ್ನುವಷ್ಟರಲ್ಲಿ ಒಂದು ವಿಮಾನ ತಲೆಯ ಮೇಲೆ ಹಾಯುತ್ತಿತ್ತು, ರೇಡಿಯೋ ಉಬ್ಬಸ ಬಂದವರಂತೆ ಏದುಸಿರು ಬಿಡುತ್ತಿತ್ತು.

ಮೂರು ಗಂಟೆಗೆ ಕೊನೆಗೂ ಸರಿಯಾಯಿತು. ಗಾಳಿಗೆ ಅಲ್ಲಾಡದಿರಲಿ ಎಂದು ಮುನಿಶಾಮಪ್ಪ ಕಂಬಕ್ಕೆ ಹಗ್ಗ ಬಿಗಿದು ಕೆಳಗೆ ಹಿತ್ತಲಿನ ಗೂಟಕ್ಕೆ ಕಟ್ಟಿದ. ಅದು ಎಮ್ಮೆ ಕಟ್ಟುವ ಗೂಟ, ಎಮ್ಮೆಯೂ ಅದರಲ್ಲೇ ಇತ್ತು. ವಿಮಾನಗಳಿಗೆ ಹೊಂದಿಕೊಂಡಿದ್ದ ಆ ಎಮ್ಮೆ ಹಳದಿ ಕೋಟಿಗೆ ಹೊಂದಿಕೊಂಡಿರಲಿಲ್ಲ. ಉಮಾಶಂಕರ್ ಗಂಟು ನೋಡಲೆಂದು ಹತ್ತಿರ ಹೋದದ್ದೇ ತಡ, ಗೂಟ ಕಿತ್ತುಕೊಂಡು ಕೆರೆಯ ಕಡೆಗೆ ಓಡಿತು. ಕಂಬ ಉರುಳಿ ಬಿತ್ತು, ಮೀನಿನ ಮುಳ್ಳು ಮೂರು ತುಂಡಾಯಿತು. ಆಗ ಮೂರೂ ಕಾಲು.

ಆದಿನಾರಾಯಣಪ್ಪನಿಗೆ ಅಳು ಬರುವುದೊಂದು ಬಾಕಿ. ತಾರಸಿಯ ಮೇಲೆ ಬರಿಗಾಲಲ್ಲಿ ಕೂತು, ರೇಡಿಯೋದಿಂದ ಬೆಳಕಿಂಡಿಯ ಮೂಲಕ ಮೇಲೆ ಬಂದಿದ್ದ ತಂತಿಯ ತುದಿಯನ್ನು ಸುಮ್ಮನೆ ಕೈಗೆ ತೆಗೆದುಕೊಂಡು ಎದ್ದು ನಿಂತ. ಕೆಳಗಿನಿಂದ ಭಾಗ್ಯಮ್ಮ ಕೂಗಿದಳು.

“ಆದಣ್ಣ, ಏನು ಮಾಡ್ದೆ? ಗಂಟೆ ಬಾರಿಸ್ದಂಗೆ ಬರ್ತಾ ಐತೆ. ಹಂಗೇ ಇರು.”

ಬಿಟ್ಟ, ಹಪ್ಪಳ ಕರಿಯಿತು. ಹಿಡಿದ, ಸ್ವಚ್ಛವಾಗಿ ಕೇಳಿಸಿತು. ಅವನು ಹಾಲಿನವನು, ಮೂರು ಸಲ ಪರೀಕ್ಷಿಸಿದ. ಉಮಾಶಂಕರನ ಕೈಗೆ ತಂತಿ ಕೊಟ್ಟು ನೋಡಿದರು, ಬರೀ ಗೊರಗೊರ. ಕುಳ್ಳಗೆ ದುಂಡಗಿದ್ದ ಮುನಿಶಾಮಪ್ಪ ಹಿಡಿದಾಗ ಯಾವುದೋ ತಮಿಳು ಸ್ಟೇಷನ್ ಬಂತು. ಊರಿಗೇ ಎತ್ತರದ ಆಳು ಆದಿನಾರಾಯಣಪ್ಪ ಎರಡೂ ಕೈ ಚಾಚಿ ನಿಂತರೆ ಮಾತ್ರ ಬೆಂಗಳೂರು ಬರುತ್ತಿತ್ತು. ಅಲ್ಲಿಗೆ ಆಂಟೆನಾ ಆರಿಸಿದ್ದಾಯಿತು.

ರೇಡಿಯೋವನ್ನೇ ಮೇಲಕ್ಕೆ ತರೋಣವೆಂದರೆ ಕರೆಂಟಿನ ವೈರು ಮೊಳದುದ್ದ. ಹೋಗಲಿ, ಸೌಂಡ್ ಜಾಸ್ತಿ ಮಾಡಿ ಎಂದ. ಮಾಡಿದರು. ಮೂರೂವರೆಗೆ ರೇಡಿಯೋದಲ್ಲಿ ಹೆಂಗಸೊಬ್ಬಳು ಸಂಘದವರ ಹೆಸರು ಓದಿದ್ದು ಅವನಿಗೆ ಕೇಳಿಸಿತು. ‘ವರಲಕ್ಷ್ಮಮ್ಮ’ ಎಂಬುದೂ ಕೇಳಿಸಿತು. ಅವನು ತಂತಿಯನ್ನು ಇನ್ನೂ ಬಿಗಿಯಾಗಿ ಹಿಡಿದ. ಅಷ್ಟರಲ್ಲಿ ಒಂದು ವಿಮಾನ ಬಂತು. ಅದರ ಸದ್ದಿಗೆ ಹಾಡು ಹಾಳಾಗುತ್ತದೆಂದು ಕೆಳಗಿದ್ದವರು ಬಾಗಿಲು ಹಾಕಿಕೊಂಡರು, ಕಿಟಕಿ ಮುಚ್ಚಿದರು, ಬೆಳಕಿಂಡಿಗೆ ಗೋಣಿಚೀಲ ತುರುಕಿದರು. ವಿಮಾನ ಹೋದ ಮೇಲೆ ತೆಗೆಯಲು ಯಾರಿಗೂ ನೆನಪಾಗಲಿಲ್ಲ.

ಇಳಿದು ಹೋಗಿ ಬಾಗಿಲು ಬಡಿಯಬಹುದಿತ್ತು. ಆದರೆ ಇಳಿದರೆ ಹಾಡು ನಿಲ್ಲುತ್ತದೆ. ಅವಳು ಒಂದೇ ಸಲ ಹಾಡುವುದು ಯಾರಿಗೂ ಕೇಳಿಸದೆ ಹೋಗುತ್ತದೆ. ನಾನು ಬಾಯಿ ಮುಚ್ಚಿಸಿದೆ, ಈಗ ನಾನೇ ಹಿಡಿದು ನಿಲ್ಲಬೇಕಾದ್ದು ನ್ಯಾಯ ಎಂದು ಆದಿನಾರಾಯಣಪ್ಪ ಬೆದರುಬೊಂಬೆಯ ಹಾಗೆ ಕೈ ಚಾಚಿಕೊಂಡು ಬಿಸಿಲಿನಲ್ಲಿ ಅರ್ಧ ಗಂಟೆ ನಿಂತ. ಕೆಳಗೆ ಅವಳು ಹಾಡುತ್ತಿದ್ದಾಳೆ, ಹಾಡು ತನ್ನ ಮೈಯೊಳಗಿಂದಲೇ ಹಾದು ಹೋಗುತ್ತಿದೆ, ತನಗೆ ಮಾತ್ರ ಇಲ್ಲ ಎಂದುಕೊಂಡ.

ನಾಲ್ಕು ಗಂಟೆಗೆ ಬಾಗಿಲು ತೆರೆಯಿತು. ಭಾಗ್ಯಮ್ಮ ಕಣ್ಣೊರೆಸಿಕೊಳ್ಳುತ್ತಾ ಬಂದಳು. ಏನು ಹಾಡಿದಳು ಎಂದು ಅವನು ಓಡಿ ಬಂದು ಕೇಳಿದ. ಹೆಣ್ಣು ಒಪ್ಪಿಸೋ ಪದ, ಕರುಳು ಕಿತ್ತು ಬಂತು ಎಂದಳು ಭಾಗ್ಯಮ್ಮ. ನನ್ನ ಮೇಲೆ ಒಂದಿತ್ತಾ ಎಂದು ಕೇಳಿದ. ಗಂಡನ ಮೇಲೆ ಒಂದಿತ್ತು, ಆರು ಜನದ ಗಂಟಲಲ್ಲಿ ಯಾರದ್ದು ಯಾವುದೋ ತಿಳಿಯಲಿಲ್ಲ, ಇವರದ್ದೇ ಇರಬೇಕು ಎಂದ ಉಮಾಶಂಕರ್. ಮಾತು ಏನಿತ್ತು ಎಂದರೆ ಒಬ್ಬರಿಗೂ ನೆನಪಿಲ್ಲ. ವಿಮಾನದಿಂದ ಯಾರಾದರೂ ನೋಡಿರುತ್ತಾರೆಂದು ಹೆದರಿ ಉಮಾಶಂಕರ್ ಮುರಿದ ಕೊಳವೆ, ಕಂಬ, ತಂತಿ ಎಲ್ಲವನ್ನೂ ಹೊತ್ತುಕೊಂಡು ಹೋಗಿ ತನ್ನ ಹುಲ್ಲಿನ ಬಣವೆಯಲ್ಲಿ ಬಚ್ಚಿಟ್ಟ.

ಉಳಿದದ್ದು ಹೆಂಡತಿಗೆ ಏನು ಹೇಳುವುದು ಎಂಬ ಪ್ರಶ್ನೆ. ಆದಿನಾರಾಯಣಪ್ಪ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆಂದ. ಮುನಿಶಾಮಪ್ಪ ತಲೆಯಾಡಿಸಿದ.

“ನಾನೇ ಆಂಟೆನಾ ಆಗಿದ್ದೆ ಅಂದ್ರೆ ಯಾವ ಹೆಂಡ್ತಿ ನಂಬ್ತಾಳೆ ಗುರು? ಕೇಳ್ದೆ, ಕಣ್ಣಲ್ಲಿ ನೀರು ಬಂತು ಅನ್ನು. ಯಾರಾದ್ರೂ ಕೇಳಿದ್ರೆ ನಾವಿದೀವಿ.”

ದೀಪ ಹಚ್ಚುವ ಹೊತ್ತಿಗೆ ವರಲಕ್ಷ್ಮಮ್ಮ ಬಂದಳು. ಕಾಲು ತೊಳೆದು ಜಗಲಿಯ ಮೇಲೆ ಕೂತು, ಕೇಳಿದಿರಾ ಎಂದಳು. ಅವಳ ಮುಖದಲ್ಲಿ ಮದುವೆಯ ಹೊಸದರಲ್ಲಿ ಇದ್ದ ಒಂದು ನಾಚಿಕೆ ಇತ್ತು. ಅದನ್ನು ಕೆಡಿಸಲು ಅವನಿಗೆ ಧೈರ್ಯ ಬರಲಿಲ್ಲ.

“ಕೇಳ್ದೆ ಕಣೆ. ನನ್ನ ಮೇಲೆ ಕಟ್ಟಿದ್ಯಲ್ಲ, ಅದು ಬಂದಾಗ ಕಣ್ಣೀರು ನಿಲ್ಲಲಿಲ್ಲ.”

ವರಲಕ್ಷ್ಮಮ್ಮ ಅವನನ್ನೇ ನೋಡಿದಳು.

“ಅದನ್ನ ನಾನು ಹಾಡ್ಲೇ ಇಲ್ಲ,” ಅಂದಳು. “ಮೈಕಿನ ಮುಂದೆ ನಿಂತಾಗ, ಇದನ್ನ ಊರೋರಿಗೆಲ್ಲ ಯಾಕೆ ಕೇಳಿಸ್ಬೇಕು ಅನ್ನಿಸ್ತು. ಮನೆಗೋಗಿ ನಿಮಗೊಬ್ರಿಗೇ ಹಾಡೋಣ ಅಂತ ಬಸ್ಸಲ್ಲಿ ಉದ್ದಕ್ಕೂ ಅದನ್ನೇ ಗುನುಗ್ಕೊಂಡು ಬಂದೆ.”

ಆದಿನಾರಾಯಣಪ್ಪ ತನ್ನ ಸುಳ್ಳು ಒಪ್ಪಿಕೊಂಡ. ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದ. ಪಾಷಾನ ಮಾತು ಮೀರಿದ್ದು, ಎಮ್ಮೆ ಓಡಿದ್ದು, ತಾರಸಿಯ ಮೇಲೆ ತಂತಿ ಹಿಡಿದು ನಿಂತದ್ದು, ತನಗೊಬ್ಬನಿಗೇ ಕೇಳಿಸದೆ ಹೋದದ್ದು. ಇಪ್ಪತ್ತಾರು ವರ್ಷದ ಹಿಂದಿನ ಎಮ್ಮೆಯ ಮಾತನ್ನೂ ಎತ್ತಿ, ಅದು ತಪ್ಪು ಕಣೆ, ಅವತ್ತೇ ಹೇಳಬೇಕಿತ್ತು ಎಂದ. ಅವಳು ಅವನ ಬಿಸಿಲಿಗೆ ಕೆಂಡವಾಗಿದ್ದ ಮುಖ ನೋಡಿದಳು, ಅಂಗೈ ತಿರುಗಿಸಿ ತಂತಿ ಒತ್ತಿದ ಗೆರೆ ನೋಡಿದಳು. ಅವಳ ತುಟಿ ಸಡಿಲವಾಗತೊಡಗಿತು. ಇನ್ನೊಂದು ಗಳಿಗೆ ಸಿಕ್ಕಿದ್ದರೆ ನಂಬುತ್ತಿದ್ದಳು.

ಅಷ್ಟರಲ್ಲಿ ಎದುರು ಜಗಲಿಯಿಂದ ಮುನಿಶಾಮಪ್ಪ, ತಾರಸಿ ಎಂಬುದೊಂದೇ ಕಿವಿಗೆ ಬಿದ್ದು, ಕೊಟ್ಟ ಮಾತಿಗೆ ತಪ್ಪದೆ ಎದ್ದು ನಿಂತ.

“ತಾರಸಿ ಮೇಲೆ ಯಾಕಿರ್ತಾನಮ್ಮ? ಮೊದಲಿಂದ ಕೊನೇವರೆಗೂ ನಮ್ಮ ಜೊತೆ ಒಳಗೇ ಕೂತು ಕೇಳ್ದ.”

“ಹೂಂ ಅತ್ತಿಗೆ,” ಎಂದ ಪಕ್ಕದ ಬಾಗಿಲಿನಿಂದ ಉಮಾಶಂಕರ್. “ನಿಮ್ಮ ಪದಕ್ಕೆ ಅಣ್ಣ ಅತ್ತಿದ್ದೇ ಅತ್ತಿದ್ದು. ನಾನೇ ಟವೆಲ್ ಕೊಟ್ಟೆ.”

ವರಲಕ್ಷ್ಮಮ್ಮ ಗಂಡನ ಅಂಗೈ ಬಿಟ್ಟು ಎದ್ದು ಒಳಗೆ ಹೋದಳು. ಪದದ ಒಂದು ಸೊಲ್ಲೂ ಎತ್ತದೆ ಮುದ್ದೆಗೆ ಎಸರಿಟ್ಟಳು.