ಒಂದೇ ಇದ್ದರೆ ಇಲ್ಲವೆಂದೇ ಲೆಕ್ಕ

ನಮ್ಮ ವೈನಿ ಇರುವ ಮನೆಯಲ್ಲಿ ಯಾವ ವಸ್ತುವೂ ಒಂದೇ ಇರುವ ಹಾಗಿಲ್ಲ. ಗಂಡ ಒಬ್ಬನೇ ಇದ್ದಾನಲ್ಲ ಎಂದು ನೀವು ಕೇಳಬಹುದು. ಅದು ಅವರ ಕೈ ಮೀರಿದ ಮಾತು, ಬಿಡಿ! ಆ ಕೊರತೆಯನ್ನು ಅವರು ಉಳಿದದ್ದರಲ್ಲೆಲ್ಲ ತುಂಬಿಕೊಂಡಿದ್ದಾರೆ. ಎರಡು ಇಕ್ಕಳ, ಎರಡು ಲಟ್ಟಣಿಗೆ, ದೇವರ ಜಗಲಿಯ ಮೇಲೆ ಎರಡು ಗಂಟೆ. ಮನೆಯ ಕೀಲಿಯಂತೂ ಊರೂರಿಗೆ ಹಂಚಿಹೋಗಿದೆ. ಸೇಡಂನಲ್ಲಿ ನಮ್ಮ ಹತ್ತಿರ ಒಂದು, ಚಿತ್ತಾಪುರದ ಸೋದರತ್ತೆಯ ಹತ್ತಿರ ಒಂದು, ಚಿಂಚೋಳಿಯಲ್ಲಿ ವೈನಿಯ ತವರಿನಲ್ಲಿ ಇನ್ನೊಂದು. ನಮ್ಮ ಮನೆಗೆ ಕನ್ನ ಹಾಕಬೇಕೆನ್ನುವ ಕಳ್ಳ ಸೇಡಂಗೆ ಬರಲೇಬೇಕೆಂದಿಲ್ಲ, ಚಿಂಚೋಳಿಯಿಂದಲೇ ಶುರು ಮಾಡಬಹುದು!

"ಒಂದೇ ಇದ್ರ ಇಲ್ಲಂತನೇ ಲೆಕ್ಕ ಹಿಡೀಬೇಕು ತಮ್ಮಾ" ಎನ್ನುತ್ತಾರೆ ವೈನಿ. ತಮ್ಮ ಎಂದರೆ ನಾನು. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ.

ಇದು ಅವರಿಗೆ ನೌಕರಿಯಿಂದ ಅಂಟಿದ ರೋಗ. ಅವರು ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಾರೆ. ಹೊಸದಾಗಿ ಸೇರಿದಾಗ ನಮ್ಮವ್ವ ಕೇಳಿದ್ದಳು, "ಅದೇನು ಕೆಲಸ ಯವ್ವಾ, ಜರ ಬಿಡಿಸಿ ಹೇಳು."

"ಯಾವ ಲಾರಿ ಬಂತು, ಎಷ್ಟು ಚೀಲ ಹೋಯ್ತು, ಎಲ್ಲಾ ಒಂದು ಕಡಿ ನೆಪ್ಪಿಡೋದು ಅತ್ತಿ. ಕಂಪ್ಯೂಟರ್ ಕೆಟ್ರೂ ನೆಪ್ಪು ಹೋಗಬಾರ್ದು."

"ನೆಪ್ಪಿಡ್ಲಿಕ್ಕಿ ಪಗಾರ ಕೊಡ್ತಾರ? ನಿಮ್ಮ ಮಾವ ಕನ್ನಡಕ ಎಲ್ಲಿಟ್ಟಾರಂತ ಇಷ್ಟು ವರ್ಷದಿಂದ ನಾ ನೆಪ್ಪಿಡ್ಲಿಕತ್ತೀನಿ, ನನಗ ಯಾರು ಕೊಟ್ರು!"

ಎಲ್ಲದಕ್ಕೂ ಎರಡನೆಯದನ್ನು ಇಟ್ಟುಕೊಂಡು ಸುಮ್ಮನಿದ್ದಿದ್ದರೆ ನಾವೂ ಸುಮ್ಮನಿರುತ್ತಿದ್ದೆವು. ಆದರೆ ಎರಡನೆಯದು ಕಷ್ಟಕಾಲಕ್ಕೆ ಬರುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಬೇಕಂತೆ! ಅದೂ ಮುಂಚೆ ಹೇಳದೆ! ಇಂಥವರ ಜೊತೆ ಒಂದೇ ಸೂರಿನಡಿ ಬಾಳುವುದೆಂದರೆ ಹೇಗಿರುತ್ತದೆ ಊಹಿಸಿ. ಯಾವ ಹೊತ್ತಿಗೆ ಯಾವ ವಸ್ತು ಮಾಯವಾಗುತ್ತದೋ ಎಂದು ಸದಾ ಎದೆ ಡವಡವ. ಒಂದು ಭಾನುವಾರ ಮಾವಿನ ಉಪ್ಪಿನಕಾಯಿಯ ಭರಣಿ ಮಾಯವಾಯಿತು. ನನ್ನ ಹೆಂಡತಿ ಅಡುಗೆಮನೆಯನ್ನೆಲ್ಲ ತಲೆಕೆಳಗು ಮಾಡಿದಳು. ವೈನಿ ಕಟ್ಟೆಯ ಮೇಲೆ ಕೂತು ತೊಗರಿಬೇಳೆ ಆರಿಸುತ್ತ ಶಾಂತವಾಗಿ ಹೇಳಿದರು, "ಭರಣಿ ಒಡೀತಂತ ತಿಳೀರಿ. ಈಗೇನ್ ಮಾಡ್ತೀರಿ?"

ಏನು ಮಾಡುವುದು? ಚಿಂಚೋಳಿಯ ತವರಿನಲ್ಲಿ ಎರಡನೆಯ ಭರಣಿ ಇತ್ತಲ್ಲ, ಅಲ್ಲಿಗೆ ಫೋನ್ ಹೋಯಿತು. ಅವರು ಬಸ್ಸಿನ ಕಂಡಕ್ಟರರ ಕೈಯಲ್ಲಿ ಭರಣಿ ಕೊಟ್ಟು ಕಳಿಸಿದರು. ನಾವು ಮನೆಮಂದಿಯೆಲ್ಲ ಬಸ್ ಸ್ಟ್ಯಾಂಡಿಗೆ ಹೋಗಿ, ಪೆಟ್ರೋಮ್ಯಾಕ್ಸ್ ಒಂದು ಇರಲಿಲ್ಲ ಎನ್ನುವುದನ್ನು ಬಿಟ್ಟರೆ ಬೀಗರನ್ನು ಎದುರುಗೊಂಡ ಹಾಗೆ ಅದನ್ನು ಎದುರುಗೊಂಡೆವು. ಮನೆಗೆ ತಂದು ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದರೆ ಒಳಗೆ ನಿಂಬೆಕಾಯಿ! ಮಾವಿನದನ್ನು ಅವರು ಎಂದೋ ತಿಂದು ಮುಗಿಸಿ, ಖಾಲಿ ಭರಣಿ ಚೆನ್ನಾಗಿರುವುದಿಲ್ಲವೆಂದು ನಿಂಬೆಕಾಯಿ ತುಂಬಿದ್ದರು. ವೈನಿಗೆ ಸಿಟ್ಟು ಬಂದೀತೆಂದುಕೊಂಡೆ. ಇಲ್ಲ, ಲಾಟರಿ ಹೊಡೆದವರಂತೆ ಹಿಗ್ಗಿದರು. "ನೋಡಿದ್ರ್ಯಾ? ತರ್ಸಿ ನೋಡಿದ್ದಕ್ಕ ಗೊತ್ತಾಯ್ತು!"

ನನ್ನ ಹೆಂಡತಿಗೂ ವೈನಿಗೂ ಎಣ್ಣೆ ಸೀಗೆಕಾಯಿ. ಆಕೆಗೆ ಮನೆಯಲ್ಲಿ ಯಾವುದೂ ಹೆಚ್ಚಾಗಿ ಇರಕೂಡದು. ವೈನಿ ಕಾರ್ಖಾನೆಗೆ ಹೋದ ಹೊತ್ತು ನೋಡಿ ಎರಡನೆಯ ಇಕ್ಕಳವನ್ನು ಹಳೆ ಸಾಮಾನು ಕೊಳ್ಳುವ ಭಂಗಾರದವನ ಗಾಡಿಗೆ ಹಾಕಿಬಿಡುತ್ತಿದ್ದಳು. ಸಂಜೆ ಅಡುಗೆಮನೆಯಲ್ಲಿ ಯುದ್ಧ.

"ಅಕ್ಕಾ, ನಿಮ್ಮ ಎರಡನೇ ಸಾಮಾನಿಗಿ ಎರಡನೇ ಮನಿ ಕಟ್ಟಿಸಬೇಕಾಗ್ತದ ನೋಡ್ರಿ."

"ಕಟ್ಟಿಸೋದೇ. ಒಂದೇ ಮನಿ ಇರಬಾರ್ದು."

ಹಾಗೆಂದು ಅವರ ಹುಚ್ಚನ್ನು ಕಾರ್ಖಾನೆಯವರು ಆಡಿಕೊಳ್ಳುವುದಿಲ್ಲ. ಒಮ್ಮೆ ತೂಕದ ಚೀಟಿ ಕೊಡುವ ಕಂಪ್ಯೂಟರ್ ಇದ್ದಕ್ಕಿದ್ದಂತೆ ಕಣ್ಣು ಮುಚ್ಚಿತು. ಗೇಟಿನಿಂದ ರಸ್ತೆಯವರೆಗೆ ಲಾರಿಗಳ ಸಾಲು, ಡ್ರೈವರುಗಳ ಬೈಗುಳ, ಹಾರ್ನು. ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತ ಓಡಿಬಂದರೆ ವೈನಿ ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದಾರೆ!

"ಮೇಡಂ, ಏನ್ ಮಾಡ್ಲಿಕತ್ತೀರಿ?"

"ಚಹಾ ಕುಡೀಲಿಕತ್ತೀನಿ ಸರ್. ಎರಡನೇ ಮಷೀನು ತನ್ನ ಕೆಲಸ ತಾ ಮಾಡ್ಲಿಕತ್ತದ. ಕುಂದ್ರಿ, ನಿಮಗೂ ಒಂದು ಕಪ್ ಹೇಳ್ತೀನಿ."

ಚಹಾ ಬರುವಷ್ಟರಲ್ಲಿ ಮೊದಲ ಲಾರಿ ಗೇಟು ದಾಟಿತ್ತು. ಅವರು ಪ್ರತಿ ಶನಿವಾರ ಬೇಕೆಂದೇ ಒಂದು ಮಷೀನು ಬಂದ್ ಮಾಡಿ, ಇನ್ನೊಂದನ್ನು ಎಬ್ಬಿಸಿ ನೋಡುತ್ತಿದ್ದರೆಂದು ಮ್ಯಾನೇಜರಿಗೆ ಅಂದೇ ತಿಳಿದದ್ದು.

ಲಾರಿಗಳನ್ನೆಲ್ಲ ಲೆಕ್ಕಕ್ಕೆ ತಂದ ಮೇಲೆ ವೈನಿಯ ಕಣ್ಣು ಮನುಷ್ಯರ ಮೇಲೆ ಬಿತ್ತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದೂ ಊರುಗಳಲ್ಲಿ ರಕ್ತ ಕೊಡಲು ಒಪ್ಪುವವರ ಹೆಸರುಗಳನ್ನೆಲ್ಲ ತಮ್ಮ ಕಂಪ್ಯೂಟರಿಗೆ ತುಂಬತೊಡಗಿದರು. ಎದುರು ಸಿಕ್ಕವರಿಗೆ ಊಟವಾಯಿತೇ ಎಂದು ಕೇಳುವುದು ಬಿಟ್ಟು "ನಿಮ್ಮದು ರಕ್ತದ ಗುಂಪು ಯಾವ್ದು?" ಎಂದು ಕೇಳುವವರನ್ನು ನೀವು ಕಂಡಿದ್ದೀರಾ? ಅರಿಶಿನ ಕುಂಕುಮಕ್ಕೆ ಕರೆದ ಮನೆಯಲ್ಲಿ ಹಣೆಗೆ ಕುಂಕುಮ ಹಚ್ಚಿಸಿಕೊಳ್ಳುತ್ತಲೇ ಕೇಳುವರು. ಚಿತ್ತಾಪುರದ ಒಂದು ಮದುವೆಯಲ್ಲಿ ಅಕ್ಕಿಕಾಳು ಹಾಕಲು ಹೋದವರು ಮದುಮಗನನ್ನೇ ಹಿಡಿದರು. ಅವನು ನಾಚಿ "ಓ ಪಾಸಿಟಿವ್ ರೀ" ಎಂದ. ಓ ಪಾಸಿಟಿವ್ ಅವರಲ್ಲಿ ಬೇಕಾದಷ್ಟಿತ್ತು. ವೈನಿಯ ಮುಖ ಸಪ್ಪಗಾಯಿತು. ಅದನ್ನು ಕಂಡ ಹೆಣ್ಣಿನ ತಂದೆ ಗಾಬರಿಯಿಂದ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದೊಯ್ದರು. "ಹುಡುಗನಿಗಿ ಏನರ ಐಬು ಅದ ಏನ್ರಿ? ಇನ್ನಾ ತಾಳಿ ಕಟ್ಟಿಲ್ಲ, ಈಗೇ ಹೇಳಿಬಿಡ್ರಿ!"

ನನ್ನ ಮದುವೆಯಲ್ಲೂ ಬಿಡಲಿಲ್ಲ. ನನ್ನ ಹೆಂಡತಿ ಅಕ್ಕಿ ತುಂಬಿದ ಸೇರು ಒದ್ದು ಹೊಸ್ತಿಲು ದಾಟುತ್ತಿದ್ದಂತೆಯೇ ಪ್ರಶ್ನೆ ಬಂತು. ಆಕೆ ಮೆಲ್ಲಗೆ "ಬಿ ನೆಗೆಟಿವ್" ಎಂದಳು. ವೈನಿಯ ಕೈಯಲ್ಲಿದ್ದ ಆರತಿ ತಟ್ಟೆ ಅಲ್ಲೇ ನಿಂತಿತು. ಸಾವಿರಾರು ಹೆಸರು ಜಾಲಾಡಿದರೂ ಅಪರೂಪಕ್ಕೆ ಸಿಗುವ ಗುಂಪಂತೆ ಅದು. "ನಿಮ್ಮ ತಂಗೀದು? ತಮ್ಮಂದು?" ಎಂದು ಕೇಳಿದರು. ಅವರ್ಯಾರದೂ ಅಲ್ಲ. "ಅಂದ್ರ ಒಬ್ಬಾಕೇನಾ?" ಎಂದು ವೈನಿ ಸಪ್ಪೆ ದನಿಯಲ್ಲಿ ಹೇಳಿದ್ದು ನನ್ನ ಹೆಂಡತಿಗೆ ತವರನ್ನು ಹಳಿದ ಹಾಗೆ ಕೇಳಿಸಿ, ಜಗಳಕ್ಕೆ ಆ ದಿನವೇ ಮುಹೂರ್ತವಾಯಿತು.

ಆಮೇಲೆ ಒಬ್ಬೊಬ್ಬರಾಗಿ ನಾಲ್ಕು ಜನ ಬಿ ನೆಗೆಟಿವ್ ಸಿಕ್ಕರು. ಚಿತ್ತಾಪುರದಲ್ಲಿ ಒಬ್ಬ ಟೀಚರು, ಚಿಂಚೋಳಿಯಲ್ಲಿ ಉಪ್ಪಿನಕಾಯಿ ತಂದಿದ್ದ ಅದೇ ಕಂಡಕ್ಟರು, ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವವರು, ವಾಡಿ ಸ್ಟೇಷನ್ ಎದುರು ಚಹಾ ಮಾರುವವರು. ಹೆಸರು ಸಿಕ್ಕರೆ ಸಾಕೇ? ಪರೀಕ್ಷೆಯಾಗಬೇಡವೇ? ಯಾವುದೋ ದಿನ ಇದ್ದಕ್ಕಿದ್ದಂತೆ, ಬೇರೆ ಗುಂಪಿನವರಿಗೆ ಹೋದ ಹಾಗೆಯೇ, ಈ ನಾಲ್ವರಿಗೂ ಫೋನ್ ಹೋಗುತ್ತಿತ್ತು. "ಕಲಬುರಗಿ ದವಾಖಾನಿ ಗೇಟಿಗಿ ಈಗಿಂದೀಗ ಬರ್ರಿ." ಅವರು ಬಿದ್ದು ಎದ್ದು ಬಂದರೆ ಗೇಟಿನಲ್ಲಿ ವೈನಿ ಗಡಿಯಾರ ನೋಡುತ್ತ ನಿಂತಿರುತ್ತಿದ್ದರು, ಪಕ್ಕದಲ್ಲಿ ಒಂದು ಡಬರಿ ಬಿಸಿ ಮಿರ್ಚಿ ಭಜಿ! ತಿಂದು, ಚಹಾ ಕುಡಿದು, ಮಡಚಿದ್ದ ಅಂಗಿಯ ತೋಳು ಇಳಿಸಿಕೊಂಡು ಅವರು ವಾಪಸು ಹೋಗಬೇಕು.

"ಖರೇ ಅದನೋ ಪರೀಕ್ಷಾನೋ, ಫೋನಿನಾಗರ ಹೇಳ್ರಿ ವೈನಿ" ಎಂದು ಶಹಾಬಾದದವರು ಬೇಡಿಕೊಂಡಿದ್ದರಂತೆ.

"ಹೇಳಿದ್ರ ಅದು ಪರೀಕ್ಷಾ ಹ್ಯಾಂಗಾಗ್ತದ್ರಿ?"

ನಾನು ಇದಕ್ಕೆ ಭಜಿ ಬ್ಯಾಂಕ್ ಎಂದು ಹೆಸರಿಟ್ಟೆ. ಹೆಸರು ಕೇಳಿ ವೈನಿ ಕೂಡ ನಕ್ಕರು.

ಕಳೆದ ಮಳೆಗಾಲ ನನ್ನ ಹೆಂಡತಿಗೆ ದಿನ ತುಂಬುತ್ತ ಬಂದಿತ್ತು. ಒಂದು ಬೆಳಿಗ್ಗೆ ಆಕೆ ಬಚ್ಚಲಿನಿಂದ ಗೋಡೆ ಹಿಡಿದುಕೊಂಡು ಬಂದಳು. ಸೀರೆಯಲ್ಲಿ ರಕ್ತ. ಸೇಡಂನ ಡಾಕ್ಟರು ನೋಡಿ, ತಡ ಮಾಡದೆ ಕಲಬುರಗಿಗೆ ಒಯ್ಯಿರಿ ಎಂದರು. ಹೊರಗೆ ಆಕಾಶ ಹರಿದ ಹಾಗೆ ಮಳೆ. ಮಳಖೇಡದಲ್ಲಿ ಕಾಗಿಣಾ ಹೊಳೆ ಉಕ್ಕಿ ಸೇತುವೆಯ ಅಂಚಿಗೆ ಬಂದು ನಿಂತಿತ್ತು. ನಮ್ಮ ಗಾಡಿ ದಾಟಿತು, ಹಿಂದೆಯೇ ಪೊಲೀಸರು ರಸ್ತೆಗೆ ಅಡ್ಡ ಕಟ್ಟಿದರು. ಹೆಂಡತಿ ನನ್ನ ಬೆರಳು ಬಿಡಲಿಲ್ಲ. ನಾನು ಇನ್ನೊಂದು ಕೈಯಿಂದ ಕಿಟಕಿಯ ಗಾಜು ಒರೆಸುತ್ತಲೇ ಇದ್ದೆ.

ಕಲಬುರಗಿಯ ಡಾಕ್ಟರಮ್ಮ ಒಳಗೆ ಹೋಗಿ ಬಂದು ಹೇಳಿದರು, "ಇವತ್ತೇ ಆಪರೇಷನ್ ಆಗ್ಬೇಕು. ರಕ್ತ ಭಾಳ ಹೋಗ್ಲಿಕತ್ತದ. ಬಿ ನೆಗೆಟಿವ್ ಎರಡು ಬಾಟಲಿ ಬೇಕು. ನಮ್ಮ ಹತ್ರ ಇಲ್ಲ. ಊರಾಗ ಎಲ್ಲಾ ಕಡಿ ಕೇಳಿಸೀನಿ, ಎಲ್ಲೂ ಇಲ್ಲ."

ಸೇಡಂಗೆ ಫೋನ್ ಮಾಡಿದೆ.

"ವೈನಿ, ಎರಡು ಬಾಟಲಿ..."

"ಗುಂಪು ಮತ್ತೊಮ್ಮಿ ನೋಡಿದ್ರಾ?"

"ನೋಡ್ಯಾರ."

"ಎಷ್ಟೊತ್ತಿಗಿ ಬೇಕು?"

"ಮಧ್ಯಾಹ್ನದೊಳಗ ಅಂದಾರ."

"ಸರಿ, ಫೋನಿಡು."

ಅಷ್ಟೇ! ಹೆದರಬೇಡ ಎಂಬ ಒಂದು ಮಾತಿಲ್ಲ, ಆಕೆ ಹೇಗಿದ್ದಾಳೆ ಎಂಬ ಒಂದು ಪ್ರಶ್ನೆಯಿಲ್ಲ! ಲಾರಿಗೆ ಸಿಮೆಂಟ್ ಬುಕ್ ಮಾಡಿದ ಹಾಗಾಯಿತು. ನನಗೆ ಮೈಯೆಲ್ಲ ಉರಿಯಿತು.

ಸ್ವಲ್ಪ ಹೊತ್ತಿಗೆ ಅವರದೇ ಫೋನ್ ಬಂತು. "ಟೀಚರಿಗಿ ಜ್ವರ. ಕಂಡಕ್ಟರ್ ಬಸ್ಸು ಹಳ್ಳದ ಆಚಿ ನಿಂತದ. ಉಳಿದ ಇಬ್ಬರು ಬರ್ತಾರ, ವಾಡಿಯವ್ರು ರೈಲಿಗಿ. ನಾನೂ ಅದೇ ರೈಲಿಗಿ ಹೊಂಟೀನಿ."

"ಇಬ್ಬರೇ ಸಾಕಲ್ಲ ವೈನಿ, ಎರಡೇ ಬೇಕಾಗಿದ್ದು?"

"ಎರಡು ಬೇಕಾದಾಗ ಇಬ್ಬರೇ ಇದ್ರ..." ಎಂದರು. ಆ ದನಿ ನಡುಗಿದ್ದನ್ನು ನಾನು ಅಲ್ಲಿಯವರೆಗೆ ಎಂದೂ ಕೇಳಿರಲಿಲ್ಲ.

ಮೊದಲು ಬಂದವರು ಶಹಾಬಾದದವರು. ಮಳೆಯಲ್ಲಿ ಬೈಕ್ ಓಡಿಸಿ ತೊಯ್ದು ತಪ್ಪಡಿಯಾಗಿದ್ದರು, ಪ್ಯಾಂಟಿನ ತುಂಬ ಕಲ್ಲಿನ ಬೂದು ರಾಡಿ. ಕೈಯಲ್ಲೊಂದು ಖಾಲಿ ಸ್ಟೀಲ್ ಡಬ್ಬಿ!

"ವೈನಿ ಎಲ್ಲಿ ಅದಾರ್ರಿ? ಮನ್ಯಾಗ ಹುಡುಗರು ಭಜಿ ತಗೊಂಡೇ ಬಾ ಅಂದಾರ. ಅದಕ್ಕ ಈ ಸಲ ಡಬ್ಬಿನೇ ತಂದೀನಿ" ಎಂದು ನಗುತ್ತ ಬಂದವರು ನನ್ನ ಮುಖ ನೋಡಿ ನಿಂತರು. ನಗು ಇಳಿಯಿತು. "ಖರೇ ಅದ ಏನ್ರಿ?"

ನಾನು ತಲೆಯಾಡಿಸಿದೆ. ಅವರು ಡಬ್ಬಿಯನ್ನು ಬೆನ್ನ ಹಿಂದೆ ಮರೆಮಾಡಿ, ಮೆಲ್ಲಗೆ ಬೆಂಚಿನ ಕೆಳಗಿಟ್ಟು, ಅಂಗಿಯ ತೋಳು ಮಡಚಿಕೊಂಡು ಒಳಗೆ ನಡೆದರು. ಒಂದು ಬಾಟಲಿಯಾಯಿತು. ಎರಡನೆಯದು ರೈಲಿನಲ್ಲಿತ್ತು. ಆ ರೈಲು ಎಲ್ಲಿತ್ತೋ! ವೈನಿಯ ಫೋನ್ ಹತ್ತುತ್ತಿಲ್ಲ. ಡಾಕ್ಟರಮ್ಮ ಹೊರಗೆ ಬಂದು "ಇನ್ನ ಕಾಯೋದಾಗಲ್ಲ, ಇದ್ದುದರಾಗ ಶುರು ಮಾಡ್ತೀನಿ" ಎಂದರು. ಬಾಗಿಲು ಮುಚ್ಚಿತು. ಒಂದೇ ಬಾಟಲಿ. ವೈನಿಯ ಮಂತ್ರ ನೆನಪಾಗಿ ನಾನು ಬಾಗಿಲಿನತ್ತ ನಡೆದೆ. ಶಹಾಬಾದದವರು ಹತ್ತಿಯ ಉಂಡೆಯನ್ನು ತೋಳಿಗೆ ಒತ್ತಿಕೊಂಡೇ ನನ್ನ ಭುಜ ಹಿಡಿದು ಕೂರಿಸಿದರು.

ಕೊನೆಗೆ ಕಾರಿಡಾರಿನ ತುದಿಯಲ್ಲಿ ಓಡುವ ಸಪ್ಪಳ. ಮುಂದೆ ವಾಡಿಯ ಚಹಾದವರು, ಹಿಂದೆ ಎರಡು ಚೀಲ ಹೊತ್ತ ವೈನಿ. ರೈಲಿನಲ್ಲಿ ಬರುತ್ತ ವಾಡಿಯಲ್ಲಿ ಅವರನ್ನು ಹತ್ತಿಸಿಕೊಂಡು ಬಂದಿದ್ದರು. ಚಹಾದವರು ಏದುಸಿರು ಬಿಡುತ್ತ, "ವೈನಿ ಕೈಯಾಗ ಡಬರಿ ಕಾಣ್ಲಿಲ್ಲ, ಆಗೇ ಗೊತ್ತಾಯ್ತು ಖರೇ ಅದಂತ" ಎನ್ನುತ್ತಲೇ ಒಳಗೆ ಹೋದರು.

ಎಷ್ಟು ಹೊತ್ತು ಕೂತೆವೋ ತಿಳಿಯದು. ಮಗು ಅತ್ತದ್ದು ಕೇಳಿಸಿತು. ಆಮೇಲೆ ಬಾಗಿಲು ತೆರೆದು ಡಾಕ್ಟರಮ್ಮ, "ಇಬ್ಬರೂ ಚಲೋ ಅದಾರ. ಎರಡನೇ ಬಾಟಲಿ ಬರ್ಲಿಲ್ಲಂದ್ರ ಕಠಿಣ ಇತ್ತು. ಈ ಮಳಿಯಾಗ ಇಷ್ಟು ಲಗೂನ ಹ್ಯಾಂಗ ಬಂದ್ರಿ?" ಎಂದು ಆ ಇಬ್ಬರನ್ನು ಕೇಳಿದರು.

"ನಮಗ ರೂಢಿ ಅದ್ರಿ" ಎಂದರು ಶಹಾಬಾದದವರು.

ಚಹಾದವರು ನನ್ನ ಕಡೆ ತಿರುಗಿ ನಕ್ಕರು. "ಮದಲ ಯಾವಾಗರ ಒಮ್ಮಿ ಕರೀತಿದ್ರು. ನಿಮ್ಮ ಮನ್ಯಾಗ ಬಸಿರು ಅಂತ ತಿಳದಾಗಿಂದ ಬರೇ ನಮ್ಮ ನಾಲ್ಕು ಮಂದಿನೇ ಕರ್ದು ಕರ್ದು ಭಜಿ ತಿನಿಸ್ಯಾರ. ಬ್ಯಾರೆ ಗುಂಪಿನವ್ರಿಗಿ ಒಂದು ತುಂಡೂ ಸಿಕ್ಕಿಲ್ಲಂತ ನೋಡ್ರಿ!"

ನಾನು ವೈನಿಯ ಕಡೆ ನೋಡಿದೆ. ಅವರು ಚೀಲ ಬಿಚ್ಚಿ ಎರಡು ಕುಲಾವಿ, ಮಗುವಿಗೆ ಹೊದಿಸಲು ಎರಡು ದುಪಟಿ, ಎರಡು ಥರ್ಮಾಸು ತೆಗೆದಿಡುತ್ತಿದ್ದರು. ಕೈ ಜಾರಿ ಒಂದು ಥರ್ಮಾಸು ಕೆಳಗೆ ಬಿದ್ದು ಉರುಳಿತು. ಏನಾದರೂ ಹೇಳಬೇಕಲ್ಲ, ನನಗೆ ತೋಚಿದ್ದು ತಮಾಷೆಯೊಂದೇ.

"ಬಿಡ್ರಿ ವೈನಿ, ಇನ್ನೊಂದು ಅದಲ್ಲ."

ಅವರು ತಲೆಯೆತ್ತಿದರು. ಕಣ್ಣ ತುಂಬ ನೀರು.

"ಎಲ್ಲಾದಕ್ಕೂ ಎರಡನೇದು ಇಟ್ಟೀನಿ ತಮ್ಮಾ. ರೈಲಿನಾಗ ಕುಂತು ಅದೇ ವಿಚಾರ ಮಾಡ್ಲಿಕತ್ತಿದ್ದೆ. ಆಕೀದು ಎರಡನೇದು ನಾ ಎಲ್ಲಿಂದ ತರ್ಬೇಕಿತ್ತು?"