ದೊಡ್ಡ ಟಿವಿ, ಚಿಕ್ಕ ಕಿಟಕಿ

ಆ ಭಾನುವಾರ ಎವರಿಸ್ತೋ ಮಾಟೆ ಕಷಾಯ ಸಾಕು ಅಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಸೋರೆಬುರುಡೆಯಲ್ಲಿ ಕೈಯಿಂದ ಕೈಗೆ ಸಾಗಿ ಬರುವ ಆ ಕಹಿಯನ್ನು ಬೇಡ ಎನ್ನುವುದು ಲಾ ಕುರ್ವಾ ಕೇರಿಯಲ್ಲಿ ಮರ್ಯಾದೆಯಲ್ಲ. ಅದರಲ್ಲೂ ಕೊಡುತ್ತಿದ್ದವನು ದೋನ್ ಫೆರ್ಮಿನ್. ಕೇರಿಯ ಮಾಂಸದಂಗಡಿಯ ಯಜಮಾನ, ಫುಟ್‌ಬಾಲ್ ಶಕುನಗಳಿಗೆಲ್ಲ ಪೀಠಾಧಿಪತಿ. ಅವನು ಕೊಟ್ಟಷ್ಟೂ ಎವರಿಸ್ತೋ ಹೀರಿದ. ಆಟ ಶುರುವಾಗುವ ಹೊತ್ತಿಗೆ ಕಾಲ ಮೇಲೆ ಕಾಲು ಹಾಕಿ ಬಿಗಿಯಾಗಿ ಕೂತಿದ್ದ.

ಎದ್ದು ಹೋಗುವಂತಿರಲಿಲ್ಲ. ಈ ಒಂದು ಆಟವನ್ನು ತನ್ನ ಮನೆಯಲ್ಲಿ, ತನ್ನ ಟಿವಿಯೆದುರು, ಕೇರಿಯವರ ನಡುವೆ ಕೂತು ಮೊದಲಿಂದ ಕೊನೆಯವರೆಗೆ ನೋಡಲೇಬೇಕೆಂದು ಅವನು ಹಟ ಹಿಡಿದಿದ್ದ. ಅದಕ್ಕೆ ಕಾರಣ ಒಂದು ಹಳೆಯ ಅವಮಾನ. ವರ್ಷಗಳ ಹಿಂದೆ ಮೊದಲ ಬಾರಿಗೆ ಮೈದಾನಕ್ಕೆ ಹೋಗಿದ್ದಾಗ, ಅರ್ಧ ಆಟದ ನಂತರ ತಂಡಗಳು ದಿಕ್ಕು ಬದಲಿಸುತ್ತವೆಂಬುದು ಅವನಿಗೆ ಗೊತ್ತಿರಲಿಲ್ಲ. ಚೆಂಡು ತಮ್ಮ ಕೇರಿಯ ತಂಡವಾದ ಲಾ ಕುರ್ವಾದ ಗೋಲಿನೊಳಕ್ಕೇ ನುಗ್ಗಿದಾಗ ಇವನು ಕುಣಿದು, ಅಕ್ಕಪಕ್ಕದವರನ್ನೆಲ್ಲ ಅಪ್ಪಿಕೊಂಡಿದ್ದ. ಅಂದಿನಿಂದ ಬೀದಿಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ: “ಎವರಿಸ್ತೋ, ನಮ್ಮ ಗೋಲು ಯಾವ ಕಡೆ?”

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನಿಗೆ ಕಣ್ಣೇ ಕಾಣದು ಎಂಬ ಮಾತು ಬೇರೆ. ನಿಜ ಹೇಳಬೇಕೆಂದರೆ ಅವನಿಗೆ ಆಟಕ್ಕಿಂತ ಯಂತ್ರಗಳ ಹುಚ್ಚು ಜಾಸ್ತಿ. ಹೆಜ್ಜೆ ಎಣಿಸಿ ಬುದ್ಧಿ ಹೇಳುವ ಕೈಗಡಿಯಾರ ಇತ್ತು. ಬಾಯಲ್ಲಿ ಹೇಳಿದರೆ ಹತ್ತಿಕೊಂಡು, ಆರು ಎಂದರೆ ಮಾತ್ರ ಕೇಳಿಸದಂತಿರುವ ದೀಪ ಇತ್ತು. ಟಿವಿಗೆ ಸಿಕ್ಕಿಸಿ ಆಡುವ ಫುಟ್‌ಬಾಲ್ ಆಟವೂ ಇತ್ತು, ಅದರಲ್ಲಿ ಹೊಸಬರ ಹಂತದಲ್ಲೇ ಅವನು ಸೋಲುತ್ತಿದ್ದ. ಈಗ ಗೋಡೆಯಗಲದ ಟಿವಿ ಬಂದಿತ್ತು. ಅದಕ್ಕೆ ಜಾಗ ಮಾಡಲು ಮದುವೆಯ ಫೋಟೋ ಇಳಿದಿತ್ತು.

“ನಮ್ಮಿಬ್ಬರನ್ನೂ ಗೋಡೆಯಿಂದ ಇಳಿಸಿಬಿಟ್ಯಲ್ಲ” ಎಂದಿದ್ದಳು ಹೆಂಡತಿ ನೆಲಿದಾ.

“ಇಂಟರ್ನೆಟ್ಟಿಂದ ಬರೋ ಚಿತ್ರ ಕಣೇ. ಹುಲ್ಲಿನ ಎಸಳು ಎಸಳೂ ಕಾಣುತ್ತೆ.”

“ಹುಲ್ಲು ಕಾಣುತ್ತೆ ಸರಿ. ಚೆಂಡು ಕಾಣುತ್ತಾ ನೋಡ್ಕೊ.”

ಆ ದಿನ ಗೆದ್ದರೆ ಲಾ ಕುರ್ವಾ ಮೇಲಿನ ದರ್ಜೆಗೆ ಏರುತ್ತಿತ್ತು. ಎದುರಾಳಿ ಹೊಳೆಯಾಚೆಯ ಮಿಲ್ಲಿನ ತಂಡ. ದೋನ್ ಫೆರ್ಮಿನ್ ಹಿಂದೆ ತಂಡ ಗೆದ್ದ ದಿನದ ತೊಳೆಯದ ಕಾಲುಚೀಲ ಹಾಕಿಕೊಂಡು ಬಂದಿದ್ದ. ಅದನ್ನು ಯಾರಿಗೂ ಹೇಳುವ ಅಗತ್ಯವೇ ಇರಲಿಲ್ಲ, ಕೋಣೆಗೆಲ್ಲ ಗೊತ್ತಾಗುತ್ತಿತ್ತು. ಬಸ್ ಓಡಿಸುವ ನೋರ್ಬೆರ್ತೋ ಟಿವಿಗೆ ಬೆನ್ನು ಹಾಕಿ ಕೂತಿದ್ದ. ಹಿಂದೊಮ್ಮೆ ಬಿದ್ದ ಸಿಗರೇಟು ಹುಡುಕಲು ಅವನು ತಿರುಗಿದಾಗ ಗೋಲು ಬಂದಿತ್ತಂತೆ, ಅಂದಿನಿಂದ ಬಡಪಾಯಿ ಒಂದೂ ಆಟ ಕಣ್ಣಾರೆ ಕಂಡಿಲ್ಲ.

ಮಿಲ್ಲಿನವರು ಬೇಗನೆ ಒಂದು ಗೋಲು ಹೊಡೆದರು. ಎವರಿಸ್ತೋ ಹಲ್ಲು ಕಚ್ಚಿ ಕೂತ. ಕೊನೆಗೆ ತಡೆಯಲಾರದೆ ಬಚ್ಚಲಿಗೆ ಓಡಿದ. ಅವನು ಒಳಗಿದ್ದಾಗಲೇ ಹಜಾರ ಸಿಡಿಯಿತು: “ಗೋಲ್!”

ಬೆಲ್ಟು ಹಿಡಿದುಕೊಂಡೇ ಹೊರಗೆ ಓಡಿ ಬಂದು ಎಲ್ಲರನ್ನೂ ಅಪ್ಪಿಕೊಂಡ. ಸಮಾಧಾನವಾಗಿ ಕುರ್ಚಿಯಲ್ಲಿ ಕೂತ. ಕೂತದ್ದೇ ತಡ, ಮಿಲ್ಲಿನವರು ಇನ್ನೊಂದು ಹೊಡೆದರು.

ದೋನ್ ಫೆರ್ಮಿನ್ ನಿಧಾನವಾಗಿ ಕತ್ತು ತಿರುಗಿಸಿದ.

“ಎವರಿಸ್ತೋ, ನಾವು ಗೋಲ್ ಹೊಡೆದಾಗ ನೀನೆಲ್ಲಿದ್ದೆ?”

“ಬಚ್ಚಲಲ್ಲಿ, ದೋನ್ ಫೆರ್ಮಿನ್.”

“ಅವರು ಹೊಡೆದಾಗ?”

“ಇಲ್ಲೇ... ಕುರ್ಚೀಲಿ. ಆದ್ರೆ ಅದಕ್ಕೂ ಇದಕ್ಕೂ ಏನು ಸಂಬಂಧ?”

“ನಿನ್ನ ಕಾಲ್ಗುಣ ಕಣಯ್ಯಾ” ಎಂದ ನೋರ್ಬೆರ್ತೋ, ಗೋಡೆಯ ಕಡೆಗೇ ಮುಖ ಮಾಡಿಕೊಂಡು. “ನನ್ನ ನೋಡು, ನಾನೇನು ಸುಮ್ನೆ ಗೋಡೆ ನೋಡ್ತಿದೀನಾ?”

“ಒಂದು ಸಲ ಹೋಗಿ ಬಾ” ಎಂದ ದೋನ್ ಫೆರ್ಮಿನ್, ಡಾಕ್ಟರು ರೋಗಿಗೆ ಹೇಳುವಷ್ಟು ಮೃದುವಾಗಿ. “ಪರೀಕ್ಷೆಗೆ ಅಷ್ಟೇ.”

“ಈಗ ತಾನೇ ಹೋಗಿ ಬಂದೆನಲ್ಲ! ಈಗ ಏನೂ ಇಲ್ಲ!”

“ಇಲ್ದಿದ್ರೆ ಸುಮ್ನೆ ನಿಂತ್ಕೊ. ಕೇಳೋರ್ಯಾರು?”

ಎವರಿಸ್ತೋ ಹೋಗಿ ಸುಮ್ಮನೆ ನಿಂತ. ಗೋಲು ಬರದಿರಲಿ ಎಂದು ಮನಸ್ಸಿನ ಮೂಲೆಯಲ್ಲಿ ಬೇಡಿಕೊಂಡದ್ದೂ ನಿಜ. ಬಂದೇಬಿಟ್ಟಿತು. ಎರಡು ಎರಡು ಸಮ. ಹೊರಗೆ ಕೇಕೆ, ಅದರ ಹಿಂದೆಯೇ ಬಾಗಿಲ ಹಿಡಿಕೆಗೆ ಕುರ್ಚಿ ಆನಿಸಿದ ಸದ್ದು.

“ನೆಲಿದಾ! ಬಾಗಿಲು ತೆಗಿ!”

“ನಾನೂ ಈ ಕೇರೀಲೇ ಹುಟ್ಟಿದೋಳು, ಎವರಿಸ್ತೋ” ಎಂದಳು ನೆಲಿದಾ. ಕುರ್ಚಿ ಆನಿಸಿದವಳು ಅವಳೇ. “ಇನ್ನೊಂದೇ ಒಂದು ಗೋಲು. ಸ್ವಲ್ಪ ತಡ್ಕೊ.”

ಅವನು ಕಮೋಡಿನ ಮುಚ್ಚಳದ ಮೇಲೆ ಕುಸಿದ. ಅಳು ಬರುವಂತಾಯಿತು. ಕೇರಿಯಲ್ಲೇ ಅತಿ ದೊಡ್ಡ ಟಿವಿಯ ಒಡೆಯ, ನೋಡುತ್ತಿರುವುದು ಸಾಬೂನಿನ ಡಬ್ಬಿ. ಕೈಗಡಿಯಾರ ಗುಂಯ್‌ಗುಟ್ಟಿತು: “ನೀವು ಬಹಳ ಹೊತ್ತಿನಿಂದ ಕುಳಿತಿದ್ದೀರಿ. ಎದ್ದು ಸ್ವಲ್ಪ ನಡೆದಾಡಿ.”

ಆಗ ತಲೆಯ ಮೇಲಿನ ಕಿಟಕಿಯಿಂದ ಪಕ್ಕದ ಮನೆಯ ಅಜ್ಜಿ ದೋನ್ಯಾ ಎರ್ಮಿಂದಾಳ ದನಿ ಕೇಳಿಸಿತು. “ಅಯ್ಯೋ ಪಾಪಿ! ಕಂಬಕ್ಕೆ ಬಡಿದ್ಯಲ್ಲೋ!”

ಎವರಿಸ್ತೋ ಕಿವಿ ನಿಮಿರಿಸಿದ. ಹಜಾರದಲ್ಲಿ ಸದ್ದಿಲ್ಲ. ಅರ್ಧ ನಿಮಿಷ ಕಳೆದ ಮೇಲೆ ಅಲ್ಲೂ ಎಲ್ಲರೂ ಒಟ್ಟಿಗೆ ನರಳಿದರು: “ಅಯ್ಯೋ, ಕಂಬಕ್ಕೆ!”

ಅವನಿಗೆ ಅರ್ಥವಾಯಿತು, ಅರ್ಥವಾಗಿ ಹೊಟ್ಟೆ ಉರಿಯಿತು. ಅವನ ಟಿವಿಗೆ ಚಿತ್ರ ಇಂಟರ್ನೆಟ್ಟಿನಲ್ಲಿ ಸುತ್ತಿ ಬಳಸಿ ಬರುತ್ತಿತ್ತು. ಅಜ್ಜಿಯ ಟಿವಿಯ ಆಂಟೆನಾ ಎಂದರೆ ಮಾಡಿನ ಮೇಲೆ ತಂತಿ ಸುತ್ತಿ ಕಟ್ಟಿದ ಬಾಣಲೆ ಮುಚ್ಚಳ. ಅದಕ್ಕೆ ಚಿತ್ರ ನೇರವಾಗಿ, ಅರ್ಧ ನಿಮಿಷ ಮೊದಲೇ ಬಂದು ಬೀಳುತ್ತಿತ್ತು.

ಅವನು ಕಮೋಡಿನ ಮುಚ್ಚಳದ ಮೇಲೆ ಹತ್ತಿ ಕಿಟಕಿಗೆ ಮುಖ ಇಟ್ಟ. “ದೋನ್ಯಾ ಎರ್ಮಿಂದಾ! ಎಷ್ಟಾಯ್ತು?”

“ಯಾರಪ್ಪಾ ಅದು? ಎವರಿಸ್ತೋನಾ? ಬಚ್ಚಲಲ್ಲೇನ್ ಮಾಡ್ತಿದೀಯ ಮಗನೇ, ಹೊಟ್ಟೆ ಸರಿಯಿಲ್ವಾ?”

“ಕೂಡಿ ಹಾಕಿದಾರೆ. ನನ್ನ ಕಾಲ್ಗುಣ ಸರಿಯಿಲ್ವಂತೆ.”

“ಆ ಮಾಂಸದಂಗಡಿಯವನಿಗೆ ತಲೆ ಕೆಟ್ಟಿದೆ. ನಮ್ಮನೆಗೆ ಬಾ, ನನಗೂ ಕೂಗೋಕೆ ಒಂದು ಜೊತೆಯಾಗುತ್ತೆ.”

ಕಿಟಕಿ ಚಿಕ್ಕದು, ಎವರಿಸ್ತೋನ ಹೊಟ್ಟೆ ಚಿಕ್ಕದಲ್ಲ. ಅರ್ಧ ದೇಹ ಅಜ್ಜಿಯ ಹಿತ್ತಲಲ್ಲಿ, ಅರ್ಧ ಸ್ವಂತ ಬಚ್ಚಲಲ್ಲಿ ಇರುವಾಗ ಪ್ಯಾಂಟು ಪರ್ರನೆ ಹರಿಯಿತು. ಅಜ್ಜಿ ಎರಡು ಕೈಗಳಿಂದ ಎಳೆದಳು. ಹೂವಿನ ಕುಂಡದ ಮೇಲೆ ಬಿದ್ದು, ಎದ್ದು, ಅವಳ ಸೋಫಾದಲ್ಲಿ ಬೆಕ್ಕಿನ ಪಕ್ಕ ಕೂತ.

ಅಂಗೈಯಗಲದ ಪರದೆ. ಆಟಗಾರರ ಮುಖವೆಲ್ಲ ಹಸಿರು, ಹುಲ್ಲು ನೇರಳೆ. ಒಂದು ಚೆಂಡು ಎರಡಾಗಿ ಓಡುತ್ತಿತ್ತು. ಆದರೆ ಇನ್ನೇನು ಆಟ ಮುಗಿಯಿತು ಅನ್ನುವಾಗ ಆ ಎರಡು ಚೆಂಡುಗಳೂ ಹಾರಿ ಒಂದೇ ಬಲೆಯೊಳಗೆ ಬಿದ್ದವು. ಅದು ಮಿಲ್ಲಿನವರ ಬಲೆ. ಯಾವ ಕಡೆ ಎಂದು ಎವರಿಸ್ತೋ ಯಾರನ್ನೂ ಕೇಳಬೇಕಾಗಲಿಲ್ಲ. ಜೀವನದಲ್ಲಿ ಮೊದಲ ಸಲ ಅವನು ಸರಿಯಾದ ಗೋಲಿಗೆ, ಸರಿಯಾದ ಹೊತ್ತಿಗೆ ಕುಣಿದ. ಅಜ್ಜಿಯನ್ನು ಅಪ್ಪಿಕೊಂಡ. ಅಷ್ಟು ಖುಷಿ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

ಅಷ್ಟರಲ್ಲಿ ನೆನಪಾಯಿತು. ಅರ್ಧ ನಿಮಿಷ! ಹಜಾರದವರು ಗೋಲು ನೋಡುತ್ತಾರೆ, ನೋಡಿ ಬಚ್ಚಲ ಬಾಗಿಲು ತೆಗೆಯುತ್ತಾರೆ!

ಹಿತ್ತಲಿಗೆ ಓಡಿದ, ಕಿಟಕಿಗೆ ತಲೆ ತೂರಿಸಿದ. ಅಜ್ಜಿ ಹಿಂದಿನಿಂದ ಹೆಗಲು ಕೊಟ್ಟು ತಳ್ಳಿದಳು. ಬಕೆಟ್ಟಿನ ಮೇಲೆ ತಲೆಕೆಳಗಾಗಿ ಬೀಳುವಾಗ, ಒಳಗೇ ತಡೆದಿಟ್ಟುಕೊಂಡಿದ್ದ ಕೂಗು ಬಾಯಿಂದ ಹಾರಿತು: “ಗೋಲ್!”

ಹಜಾರದ ಟಿವಿಯಲ್ಲಿ ಚೆಂಡು ಆಗಷ್ಟೇ ಮಿಲ್ಲಿನವರ ಬಲೆಯತ್ತ ಹಾರುತ್ತಿತ್ತು. ಆಮೇಲೆ ಹಜಾರವೇ ಹುಚ್ಚೆದ್ದಿತು.

ಕುರ್ಚಿ ಸರಿಯಿತು, ಬಾಗಿಲು ತೆರೆಯಿತು. ಎವರಿಸ್ತೋನನ್ನು ಹೆಗಲ ಮೇಲೆ ಹೊತ್ತು ತಂದರು. ದೋನ್ ಫೆರ್ಮಿನ್ ಬಿಕ್ಕಿ ಬಿಕ್ಕಿ ಅಳುತ್ತಿದ್ದ. “ಕೇಳಿದ್ರಾ? ನಾವು ನೋಡೋಕೆ ಮೊದಲೇ ಒಳಗಿಂದ ಕೂಗಿದ! ಗೋಲ್ ಹುಟ್ಟಿದ್ದೇ ಈ ಬಚ್ಚಲಲ್ಲಿ!”

ಎಲ್ಲರೂ ಅವನ ಕೆನ್ನೆಗೆ ಮುತ್ತಿಟ್ಟರು. ಗೋಲು ಯಾವ ಕಡೆ ಎಂದು ಯಾರೂ ಕೇಳಲಿಲ್ಲ. ಎವರಿಸ್ತೋ ಸ್ವರ್ಗದಲ್ಲಿದ್ದ, ದೋನ್ ಫೆರ್ಮಿನ್ ಕಣ್ಣೊರೆಸಿಕೊಂಡು ಬಾಯಿ ತೆರೆಯುವವರೆಗೆ.

“ಇನ್ನು ಮೇಲಿನ ದರ್ಜೆ. ಪ್ರತಿ ಭಾನುವಾರ ಇಲ್ಲೇ ಸೇರೋದು. ನಾವು ಹಜಾರದಲ್ಲಿ, ಎವರಿಸ್ತೋ ಒಳಗೆ. ಮುಚ್ಚಳಕ್ಕೆ ಮೆತ್ತೆ ನಾನೇ ಹಾಕಿಸ್ತೀನಿ.”

ಎವರಿಸ್ತೋನ ಮುಖ ಹುಳ್ಳಗಾಯಿತು. ಅಷ್ಟರಲ್ಲಿ ಮುಂಬಾಗಿಲಲ್ಲಿ ದೋನ್ಯಾ ಎರ್ಮಿಂದಾ ಕಾಣಿಸಿಕೊಂಡಳು. ಕೈಯಲ್ಲಿ ಒಂದು ಚಪ್ಪಲಿ.

“ಎವರಿಸ್ತೋ, ನಮ್ಮನೆ ಸೋಫಾ ಕೆಳಗೆ ಬಿಟ್ಟು ಬಂದಿದೀಯಲ್ಲೋ. ಗೋಲ್ ಬಂದಾಗ ಹಾಗಾ ಕುಣಿಯೋದು? ನನ್ನ ಬೆಕ್ಕು ಇನ್ನೂ ಕಪಾಟಿಂದ ಇಳಿದಿಲ್ಲ.”

ಎಲ್ಲರ ಕಣ್ಣೂ ಅವನ ಪಾದದ ಮೇಲೆ. ಒಂದರಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಕುಂಡದ ಮಣ್ಣು. ಎವರಿಸ್ತೋ ಮೊದಲು ಹೆದರಿದ, ಮರುಗಳಿಗೆ ಹಿಗ್ಗಿದ. ಬಿಡುಗಡೆಯೇ ಬಾಗಿಲಿಗೆ ಬಂದು ನಿಂತಿತ್ತಲ್ಲ!

“ಹೌದು! ಕಿಟಕಿಯಿಂದ ಹೋಗಿದ್ದೆ! ಟಿವಿ ಎದುರು ಕೂತು, ಕಣ್ಣಾರೆ ನೋಡಿದೆ! ಆದ್ರೂ ಗೋಲ್ ಬಂತು! ಈಗ ಹೇಳಿ ದೋನ್ ಫೆರ್ಮಿನ್, ನನ್ನ ಕಾಲ್ಗುಣ ಕೆಟ್ಟದ್ದಾ?”

ದೋನ್ ಫೆರ್ಮಿನ್ ಬಹಳ ಹೊತ್ತು ಗಡ್ಡ ಕೆರೆದುಕೊಂಡ. “ಇಲ್ಲ” ಎಂದ ಕೊನೆಗೆ. “ತಪ್ಪು ನಮ್ಮದೇ. ಬಚ್ಚಲಲ್ಲೇನೂ ಇಲ್ಲ.”

“ಅಬ್ಬಾ!”

“ಇರೋದೆಲ್ಲ ಆ ಸೋಫಾದಲ್ಲಿ. ದೋನ್ಯಾ ಎರ್ಮಿಂದಾ, ಪ್ರತಿ ಭಾನುವಾರ ಇವನು ನಿಮ್ಮನೇಲಿ ನೋಡ್ಲಿ. ನಾವಿಲ್ಲಿ ಈ ದೊಡ್ಡದ್ರಲ್ಲಿ ನೋಡ್ಕೋತೀವಿ.”

“ನನ್ನ ಟಿವೀಲಿ ನೀವು?” ಎವರಿಸ್ತೋನ ದನಿ ಕೀರಲಾಯಿತು. ವಾದ ಮಾಡಿ ಪ್ರಯೋಜನವಿಲ್ಲವೆಂದು ಅವನಿಗೂ ಗೊತ್ತಿತ್ತು. “ಆಯ್ತು. ಹಾಳಾಗ್ಲಿ. ಊಟ ಮಾಡ್ಕೊಂಡು ಬಾಗಿಲಿಂದ ಆರಾಮಾಗಿ ಹೋಗ್ತೀನಿ.”

“ಬಾಗಿಲಿಂದ?” ದೋನ್ ಫೆರ್ಮಿನ್ ಗಾಬರಿಯಾದ. “ಬಾಗಿಲಿಂದ ಹೋದ್ರೆ ಗೋಲ್ ಬರುತ್ತೇನೋ ಮಾರಾಯ? ಮೊದಲು ಮಾಟೆ, ಆಮೇಲೆ ಬಚ್ಚಲು, ಆಮೇಲೆ ಕಿಟಕಿ. ನೆಲಿದಾ, ಆ ಪ್ಯಾಂಟು ಹೊಲೀಬೇಡ, ಹಾಗೇ ಇರ್ಲಿ.”

“ಒಗೀಲೂ ಬಾರದು ತಾನೇ?” ಎಂದಳು ನೆಲಿದಾ, ಗಂಭೀರವಾಗಿ.

ಎವರಿಸ್ತೋ ಸೋತು ಕೈ ಚಾಚಿದ. ಚಪ್ಪಲಿಯಾದರೂ ಸಿಗಲಿ ಎಂದು. ದೋನ್ಯಾ ಎರ್ಮಿಂದಾ ಅವನ ಬರಿಗಾಲು ನೋಡಿದಳು, ದೋನ್ ಫೆರ್ಮಿನ್ ಮುಖ ನೋಡಿದಳು, ಚಪ್ಪಲಿಯನ್ನು ಮೆಲ್ಲಗೆ ಸೆರಗಿನಂತಿದ್ದ ತನ್ನ ಶಾಲಿನೊಳಗೆ ಸೇರಿಸಿಕೊಂಡಳು.

“ಹಾಗಿದ್ರೆ ಇದು ಸೋಫಾ ಕೆಳಗೇ ಇರ್ಲಿ ಮಗನೇ” ಎಂದು ಹೇಳಿ ಹೊರಟುಹೋದಳು.